ಮಧ್ಯಾಹ್ನ 3ಕ್ಕ ಫೋನ್ ಬಂದ್ ಆಗಾಕತ್ತೈತಿ, ರಾತ್ರಿ ತನಕ ಬ್ಯಾಟರಿ ಬರಂಗ ಏನ್ ಮಾಡ್ಬೇಕು?

ಕೊಪ್ಪಳದಾಗ ಪಾರ್ಸಲ್ ಡೆಲಿವರಿ ಮಾಡ್ತೀನಿ, 5000 ಎಂಎಎಚ್ ಬ್ಯಾಟರಿ, ಫೋನ್ ತಗೊಂಡು ಒಂದೂವರಿ ವರ್ಷ ಆಗೈತಿ, ಮುಂಜಾನೆ 100 ಮಾಡ್ಕೊಂಡು ಹೊಂಟ್ರೂ 3 ಗಂಟೆಕ್ಕ ಬಂದ್ ಆಗ್ತೈತಿ, ಪವರ್ ಬ್ಯಾಂಕ್ ಹೊತ್ಕೊಂಡು ತಿರುಗಾಕ ಆಗಲ್ಲ ಅಂತ ಬರ್ದೀರಿ. ನಾನು ಗಂಗಾವತಿ ಕಡಿಯಾವ ರೀ. ಬೆಳೆ ಸಮೀಕ್ಷೆ ಟೈಮಿನಾಗ ಪಿಆರ್ ಆಗಿ, ಅಂದ್ರ ಸಮೀಕ್ಷೆ ಕೆಲಸಕ್ಕ ತಗೊಳ್ಳೋ ಖಾಸಗಿ ನಿವಾಸಿ ಆಗಿ, ಹೊಲ ಹೊಲ ಅಡ್ಡಾಡಿ ಫೋಟೋ ತೆಗೀತೀನಿ, ಪ್ಲಾಟ್ ಲೆಕ್ಕದಾಗ ರೊಕ್ಕ, ಫೋನ್ ಬಂದ್ ಆತಂದ್ರ ಅವತ್ತಿನ ದುಡಿಮೆ ಅಲ್ಲಿಗೇ ನಿಂತಂಗ. ಅದಕ್ಕ ನಿಮ್ಮ ಕಷ್ಟ ನಂಗ ಚೆನ್ನಾಗಿ ಗೊತ್ತೈತಿ.

ಮೊದ್ಲು ಸೆಟ್ಟಿಂಗ್ಸ್‌ನಾಗ ಬ್ಯಾಟರಿ ಪೇಜ್ ತೆರೀರಿ, ಮುಂಜಾನಿಂದ ಯಾವ ಆ್ಯಪ್ ಎಷ್ಟು ತಿಂದೈತಿ ಅಂತ ಅಲ್ಲೇ ತೋರಸ್ತೈತಿ. ಇದನ್ನ ನೋಡ್ದಂಗ ಯಾರೋ ಹೇಳಿದ್ರು ಅಂತ ಸಿಕ್ಕಿದ್ದೆಲ್ಲಾ ಆಫ್ ಮಾಡ್ಬ್ಯಾಡ್ರಿ. ನಾನೂ ಒಂದು ವರ್ಷ ಬರೀ ರೀಸೆಂಟ್ ಆ್ಯಪ್ಸ್ ಕ್ಲಿಯರ್ ಮಾಡ್ಕೋತ ಕುಂತಿದ್ದೆ, ಏನೂ ಫರಕ್ ಬೀಳ್ಲಿಲ್ಲ. ಆಂಡ್ರಾಯ್ಡ್ 6, ಅಂದ್ರ 2015ರಿಂದಾನ ಡೋಜ್ ಅಂತ ಒಂದು ವ್ಯವಸ್ಥಾ ಬಂದೈತಿ, ಫೋನ್ ಸುಮ್ನ ಬಿದ್ದಾಗ ಹಿಂದಿನ ಆ್ಯಪ್‌ಗಳನ್ನ ಅದಾ ಮಲಗಸ್ತೈತಿ. ನೀವು ತೆಗ್ದು ಒಗದ್ರ ಮತ್ತ ತೆರಿಯುವಾಗ ಅದು ಮೊದಲಿಂದ ಲೋಡ್ ಆಗ್ಬೇಕು, ಅದಕ್ಕ ಇನ್ನೊಂದೀಟು ಚಾರ್ಜ್ ಹೋಗ್ತೈತಿ ಅಷ್ಟಾ.

ನಮ್ಮ ಕಡಿ ನಿಜವಾಗಿ ತಿನ್ನೋದು ಎರಡು. ಬಿಸಿಲಾಗಿನ ಸ್ಕ್ರೀನು, ಮತ್ತ ನೆಟ್‌ವರ್ಕ್ ಹುಡುಕೋದು.

ಸ್ಕ್ರೀನಿಂದು ಹೇಳ್ತೀನಿ. ಕಾರಟಗಿ ಕಡಿ ಬ್ಯಾಸಿಗಿ ಭತ್ತದ ಗದ್ದಿ ಬದುವಿನ ಮ್ಯಾಲ 12 ಗಂಟೆ ಬಿಸಿಲಾಗ ನಿಂತ್ರ ಮ್ಯಾಪಿನ ಗೆರಿ ಕಾಣಂಗಿಲ್ಲ, ಒಂದ್ ಕೈ ಸ್ಕ್ರೀನಿಗೆ ಅಡ್ಡ ಹಿಡ್ದು ಇನ್ನೊಂದ್ ಕೈಲೆ ಬ್ರೈಟ್‌ನೆಸ್ ಪೂರ್ತಿ ಏರಸ್ತೀವಿ, ಆಮ್ಯಾಲ ಅದನ್ನ ಇಳಸೋದು ಮರೀತೀವಿ, ಗಿಡದ ನೆರಳಿಗೆ ಬಂದು ಬುತ್ತಿ ಬಿಚ್ಚಿ ಕುಂತ್ರೂ ಅದು ಹಂಗಾ ಉರೀತಿರ್ತೈತಿ. ಆಟೋ ಬ್ರೈಟ್‌ನೆಸ್ ಹಾಕ್ರಿ, ಸ್ಕ್ರೀನ್ ಆಫ್ ಆಗೋ ಟೈಮ್ 30 ಸೆಕೆಂಡ್ ಇಡ್ರಿ. ಡೆಲಿವರಿ ಮಾಡಾವ್ರು ಬೈಕ್ ಹ್ಯಾಂಡಲ್ ಮ್ಯಾಲ ಮ್ಯಾಪ್ ಹಚ್ಚಿ ದಿನಪೂರ್ತಿ ಸ್ಕ್ರೀನ್ ಆನ್ ಇಡ್ತಾರ, ನೀವೂ ಹಂಗ ಮಾಡ್ತಿದ್ರ ಅದಾ ದೊಡ್ಡ ಕಾರಣ ಇರ್ಬೇಕು. ಗೊತ್ತಿರೋ ಓಣಿಗೆ ಮ್ಯಾಪ್ ಯಾಕ್ರೀ? ಹೊಸಾ ಏರಿಯಾ ಇದ್ರ ಸ್ಕ್ರೀನ್ ಆಫ್ ಮಾಡಿ ವಾಯ್ಸ್ ಕೇಳ್ಕೋತ ಹೋಗ್ರಿ.

ಡಾರ್ಕ್ ಮೋಡ್ ಹಾಕ್ರಿ ಅಂತ ಎಲ್ಲಾರೂ ಹೇಳ್ತಾರ. ಅದು ಓಎಲ್‌ಇಡಿ ಸ್ಕ್ರೀನ್ ಇದ್ರ ಅಷ್ಟಾ ಉಪಯೋಗ, ಅದ್ರಾಗ ಕಪ್ಪು ಇರೋ ಜಾಗದ ಪಿಕ್ಸೆಲ್ ಆಫ್ ಆಗ್ತಾವು. ಎಲ್‌ಸಿಡಿ ಫೋನಿನಾಗ ಹಿಂದಿನ ಲೈಟ್ ಹೆಂಗೂ ಉರೀತಿರ್ತೈತಿ, ಉಳಿತಾಯ ಇಲ್ಲ ಅನ್ರಿ. ಅಮೆರಿಕದ ಪರ್ಡ್ಯೂ ಯೂನಿವರ್ಸಿಟಿಯವ್ರು 2021ರಾಗ ಓಎಲ್‌ಇಡಿ ಫೋನ್ ತಗೊಂಡು ಅಳದಾರ, ಬ್ರೈಟ್‌ನೆಸ್ 30ರಿಂದ 50 ಇದ್ರ ಬರೀ 3ರಿಂದ 9 ಪರ್ಸೆಂಟ್ ಉಳೀತೈತಿ, ಪೂರ್ತಿ 100 ಇದ್ರ 39ರಿಂದ 47 ಉಳೀತೈತಿ. ಅಂದ್ರ ಬಿಸಿಲಾಗ ಭಾಳ ಲಾಭ, ಆದ್ರ ಬಿಸಿಲಾಗ ಕಪ್ಪು ಸ್ಕ್ರೀನ್ ಮ್ಯಾಲ ಅಕ್ಷರ ಓದಾಕ ಬರಂಗಿಲ್ಲ, ನಂಗಂತೂ ಸರಿ ಹೋಗ್ಲಿಲ್ಲ, ನೀವು ಒಮ್ಮೆ ಹಾಕಿ ನೋಡ್ರಿ.

ಇನ್ನ ನೆಟ್‌ವರ್ಕ್. ಆನೆಗೊಂದಿ, ಸಾಣಾಪುರ ಕಡಿ ಕಲ್ಲುಗುಡ್ಡದ ಸಂದ್ಯಾಗ ಹೊಕ್ರ ಒಂದು ಕಡ್ಡಿ ಸಿಗ್ನಲ್ಲೂ ನಿಲ್ಲಂಗಿಲ್ಲ, ಫೋನ್ ಕಿಸೇದಾಗ ಸುಮ್ನ ಇದ್ರೂ ತೊಡಿಗೆ ಬೆಚ್ಚಗ ಹತ್ತತೈತಿ. ಟವರ್ ದೂರ ಇದ್ದಷ್ಟೂ ಫೋನ್ ಜೋರಾಗಿ ಕೂಗ್ಬೇಕು, ಆ ಕೂಗಿಗೆ ಕರೆಂಟ್ ಬೇಕು. ಅದಕ್ಕ ನಾನು ಮುಂಜಾನೆ ಮನ್ಯಾಗ ವೈಫೈ ಮ್ಯಾಲ ಊರಿನ ಡೇಟಾ ಎಲ್ಲಾ ಇಳಿಸ್ಕೊಂಡು, ಸಿಗ್ನಲ್ ಇಲ್ಲದ ಕಡಿ ಏರೋಪ್ಲೇನ್ ಮೋಡ್ ಹಾಕಿ ಫೋಟೋ ತೆಗೀತೀನಿ, ಊರಿಗೆ ಬಂದು ಅಪ್‌ಲೋಡ್ ಮಾಡ್ತೀನಿ. ಜಿಪಿಎಸ್ ಅದ್ರಾಗೂ ನಡೀತೈತಿ ರೀ, ಯಾಕಂದ್ರ ಸ್ಯಾಟಲೈಟ್ ಕಳಿಸಿದ್ದನ್ನ ಫೋನ್ ಬರೀ ಕೇಳಿಸ್ಕೋತೈತಿ, ತಾನೇನೂ ಕಳಿಸಂಗಿಲ್ಲ, ಲೊಕೇಶನ್ ಹಿಡಿಯಾಕ ಸ್ವಲ್ಪ ತಡ ಆಗ್ತೈತಿ ಅಷ್ಟಾ. ನಿಮಗ ಕಸ್ಟಮರ್ ಫೋನ್ ಬರ್ತಿರ್ತಾವು, ಏರೋಪ್ಲೇನ್ ಮೋಡ್ ಆಗಂಗಿಲ್ಲ. ನೀವು 5ಜಿ ತೆಗ್ದು 4ಜಿ ಮ್ಯಾಲ ಇಡ್ರಿ, ಅರ್ಧಂಬರ್ಧ 5ಜಿ ಸಿಗೋ ಕಡಿ ಫೋನ್ ಅದ್ರಿಂದ ಇದಕ್ಕ ಇದ್ರಿಂದ ಅದಕ್ಕ ಹಾರ್‍ಕೋತ ಇರ್ತೈತಿ. ಎರಡ್ನೇ ಸಿಮ್ ಸುಮ್ನ ಹಾಕಿದ್ರ ಅದನ್ನ ಆಫ್ ಮಾಡ್ರಿ, ನೆಟ್‌ವರ್ಕ್ ಇಲ್ಲದ ಸಿಮ್ ಇಡೀ ದಿನ ಹುಡುಕೋದಾ ಮಾಡ್ತೈತಿ.

ಬಿಸಿಲಿಂದು ಒಂದು ಮಾತು, ಇದನ್ನ ದಯವಿಟ್ಟು ಹಗುರ ತಗೋಬ್ಯಾಡ್ರಿ. ಐಫೋನ್ ಮಾಡೋ ಆ್ಯಪಲ್‌ನವ್ರು ಫೋನನ್ನ 35 ಡಿಗ್ರಿಗಿಂತ ಮ್ಯಾಲಿನ ಬಿಸಿದಾಗ ಬಳಸ್ಬ್ಯಾಡ್ರಿ, ಬ್ಯಾಟರಿ ತಾಕತ್ತು ಕಾಯಂ ಕಡಿಮಿ ಆಗ್ತೈತಿ ಅಂತಾರ. ಎಲ್ಲಾ ಕಂಪನಿ ಫೋನಿನಾಗೂ ಇರೋದು ಅದಾ ಲಿಥಿಯಂ ಬ್ಯಾಟರಿ. ನಮ್ಮ ಕಡಿ ಏಪ್ರಿಲ್ ಮೇದಾಗ ನೆರಳಿನಾಗಾ 40 ದಾಟ್ತೈತಿ, ಬೈಕ್ ಹ್ಯಾಂಡಲ್ ಮ್ಯಾಲ, ಟ್ಯಾಂಕ್ ಕವರಿನಾಗ ಇನ್ನೆಷ್ಟು ಇರ್ಬೇಡ! ಒಂದೂವರಿ ವರ್ಷಕ್ಕ ನಿಮ್ಮ ಬ್ಯಾಟರಿ ಸೋತಿದ್ರ ನಂಗೇನೂ ಆಶ್ಚರ್ಯ ಇಲ್ಲ. ಫೋನನ್ನ ಅರಿವಿ ಚೀಲದಾಗ ಇಡ್ರಿ, ಬಿಸಿಬಿಸಿ ಡಬ್ಬಿ ಬಾಜೂಕ ಬ್ಯಾಡ. ಕಾದಿದ್ರ ನೆರಳಿನಾಗ ಇಟ್ಟು ಕವರ್ ಬಿಚ್ರಿ, ಫ್ರಿಜ್‌ನಾಗ ಮಾತ್ರ ಇಡಬ್ಯಾಡ್ರಿ, ಒಳಗ ನೀರು ಬೆವರ್ತೈತಿ. ಕಾದ ಫೋನಿಗೆ ಚಾರ್ಜರ್ ಹಚ್ಚಬ್ಯಾಡ್ರಿ. ರಾತ್ರಿಯಿಡೀ ದಿಂಬಿನ ಕೆಳಗ ಇಟ್ಟು ಚಾರ್ಜ್ ಮಾಡೋದು ಬಿಡ್ರಿ, ಫಾಸ್ಟ್ ಚಾರ್ಜರ್ ಇದ್ರ ಎದ್ದ ಕೂಡ್ಲೆ ಹಚ್ರಿ, ನೀವು ಸ್ನಾನ ತಿಂಡಿ ಮುಗಿಸೋದ್ರಾಗ ಹೆಚ್ಚುಕಡಿಮಿ ಆಗ್ತೈತಿ. ಪೂರ್ತಿ ಖಾಲಿ ಮಾಡಿ ಆಮ್ಯಾಲ ಹಚ್ಬೇಕು ಅನ್ನೋದು ಹಳೇ ಬ್ಯಾಟರಿ ಕಾಲದ ಮಾತು, ಮಧ್ಯಾಹ್ನ ಊಟಕ್ಕ ಕುಂತಾಗ ಖಾನಾವಳ್ಯಾಗ 20 ನಿಮಿಷ ಹಚ್ಚಿದ್ರೂ ಏನೂ ತೊಂದ್ರಿ ಇಲ್ಲ.

ಇಷ್ಟು ಮಾಡಿದ ಮ್ಯಾಲ ನಂದು ಸಂಜಿ 6ಕ್ಕ 30 ಪರ್ಸೆಂಟ್ ಉಳಿಯಾಕ ಹತ್ತೈತಿ, ಮೊದ್ಲು ಒಂದ್ ಗಂಟೆಕ್ಕಾ ಅಷ್ಟು ಇರ್ತಿತ್ತು. ನೀವು ಒಂದು ವಾರ ಮಾಡಿ ನೋಡ್ರಿ, ಆದ್ರೂ 3ಕ್ಕ ಬಂದ್ ಆದ್ರ ಬ್ಯಾಟರಿನಾ ಬದಲಿ ಮಾಡಸ್ರಿ, ಕಂಪನಿ ಸರ್ವಿಸ್ ಸೆಂಟರಿನಾಗಾ ಮಾಡಸ್ರಿ. ನಾನು ರೊಕ್ಕ ಉಳೀತೈತಿ ಅಂತ ಒಂದು ಅಂಗಡ್ಯಾಗ ಹಾಕಿಸಿದ್ದು ನಾಕ್ ತಿಂಗಳಿಗೆ ಉಬ್ಬಿ ಫೋನಿನ ಹಿಂದಿನ ಮುಚ್ಚಳ ಎದ್ದು ಬಂದಿತ್ತು. ನಿಮ್ದೂ ಈಗ ಹಂಗ ಉಬ್ಬಿದಂಗ ಕಂಡ್ರ ಒಂದ್ ವಾರಾನೂ ಕಾಯಬ್ಯಾಡ್ರಿ, ಚಾರ್ಜ್ ಹಚ್ಚೋದು ನಿಲ್ಲಿಸಿ ಇವತ್ತಾ ಒಯ್ದು ತೋರಸ್ರಿ.