ಯುಟಿವಿಗೆ ಮನೆಯಲ್ಲೇ ತಗಡಿನ ಛಾವಣಿ ಮಾಡಬಹುದಾ? ಮಾಡಬಹುದು, ಆದರೆ ಕೇಜ್ ಮುಟ್ಟಬೇಡಿ

ಖಂಡಿತ ಮಾಡಬಹುದು. ನನ್ನ ಗಾಡಿಯ ಮೇಲಿರುವುದೂ ನಾನೇ ಮಾಡಿದ ಛಾವಣಿ. ನಿಮ್ಮದು ಎರಡು ಸೀಟಿನ ಯುಟಿವಿ (ಹೊಲ, ಕಾಡುದಾರಿಯಲ್ಲಿ ಓಡಿಸುವ ಸಣ್ಣ ನಾಲ್ಕು ಚಕ್ರದ ಗಾಡಿ), ಮೇಲೆ ಬರೀ ರೋಲ್ ಕೇಜ್ ಪೈಪ್ ಇದೆ, ಅಂದರೆ ಗಾಡಿ ಮಗುಚಿದರೆ ಒಳಗಿನವರನ್ನು ಕಾಪಾಡುವ ಪೈಪ್ ಚೌಕಟ್ಟು, ರೆಡಿಮೇಡ್ ಪ್ಲಾಸ್ಟಿಕ್ ಛಾವಣಿ ಬೇಡ. ಯಾವ ಶೀಟ್ ತರಲಿ, ಎಷ್ಟು ದಪ್ಪ ಇರಲಿ, ಕೇಜ್‌ಗೇ ವೆಲ್ಡ್ ಮಾಡಿಬಿಡಲಾ, ಮೇಲೆ ಸಾಮಾನು ಕಟ್ಟಬಹುದಾ ಅಂತ ಕೇಳಿದ್ದೀರಿ. ವೆಲ್ಡಿಂಗ್ ವಿಷಯ ಮೊದಲು ಹೇಳಿಬಿಡುತ್ತೇನೆ, ಯಾಕೆಂದರೆ ಉಳಿದದ್ದು ತಪ್ಪಾದರೆ ಇನ್ನೊಂದು ಶೀಟ್ ತರಬಹುದು, ಇದು ತಪ್ಪಾದರೆ ಸರಿಪಡಿಸುವುದು ಕಷ್ಟ.

ಕೇಜ್‌ಗೆ ವೆಲ್ಡ್ ಮಾಡಬೇಡಿ. ಡ್ರಿಲ್ ಹಾಕಿ ತೂತೂ ಮಾಡಬೇಡಿ. ಗಾಡಿ ಮಗುಚಿದಾಗ ನಿಮ್ಮ ತಲೆ ಉಳಿಸುವುದು ಆ ಪೈಪ್‌ಗಳು ಮಾತ್ರ. ಎಷ್ಟು ಬಾಗಬೇಕು, ಎಲ್ಲಿ ಬಾಗಬೇಕು ಅಂತ ಲೆಕ್ಕ ಹಾಕಿ, ಪರೀಕ್ಷೆ ಮಾಡಿ ಅವನ್ನು ಕೂರಿಸಿರುತ್ತಾರೆ. ವೆಲ್ಡ್ ಮಾಡಿದ ಜಾಗದ ಪಕ್ಕದಲ್ಲಿ ಬಿಸಿಗೆ ಉಕ್ಕಿನ ಗುಣ ಬದಲಾಗುತ್ತದೆ. ಕೆಲವು ಗಾಡಿಗಳಲ್ಲಿ ತೆಳ್ಳಗಿದ್ದರೂ ಗಟ್ಟಿಯಾದ ಉಕ್ಕಿನ ಪೈಪ್ ಹಾಕಿರುತ್ತಾರೆ, ಅಂಥದ್ದರಲ್ಲಿ ಈ ತೊಂದರೆ ಇನ್ನೂ ಜಾಸ್ತಿ. ತೂತು ಕೊರೆದರೂ ಅಷ್ಟೇ. ಪೈಪ್ ಮೇಲೆ ಭಾರ ಬಿದ್ದಾಗ ಒತ್ತಡವೆಲ್ಲ ತೂತಿನ ಅಂಚಿಗೆ ಬಂದು ಸೇರುತ್ತದೆ, ಮಡಿಯುವುದೂ ಅಲ್ಲಿಂದಲೇ ಶುರುವಾಗುತ್ತದೆ. ಮಳೆ ನೀರು ಒಳಗೆ ಇಳಿದು ಪೈಪ್ ಒಳಗಿನಿಂದ ತುಕ್ಕು ಹಿಡಿಯುವುದು ಬೇರೆ, ಅದು ಹೊರಗೆ ಕಾಣುವುದೇ ಇಲ್ಲ.

ಇದರ ಜೊತೆಗೇ ಇನ್ನೊಂದು ಮಾತು. ತಗಡಿನ ಛಾವಣಿ ಕಾಪಾಡುವ ಕವಚ ಅಲ್ಲ. ಅದು ಬಿಸಿಲು, ಮಳೆ, ಚಕ್ರದಿಂದ ಹಾರುವ ಕೆಸರು, ಸಣ್ಣ ಕೊಂಬೆ ತಡೆಯುತ್ತದೆ, ಅಷ್ಟೇ. ಮೇಲೆ ಗಟ್ಟಿ ಛಾವಣಿ ಇದೆ ಅನ್ನುವ ಧೈರ್ಯದಲ್ಲಿ ಬೆಲ್ಟ್ ಬಿಡುವುದು, ಇಳಿಜಾರಿನಲ್ಲಿ ಅಡ್ಡ ಓಡಿಸುವುದು ದಯವಿಟ್ಟು ಬೇಡ.

ಇನ್ನು ಶೀಟ್. ಇಲ್ಲಿ ನೋಡಬೇಕಾದದ್ದು ತೂಕ. ಈ ಗಾಡಿಗಳು ಮೊದಲೇ ಎತ್ತರ, ಛಾವಣಿ ಕೂರುವುದು ಎಲ್ಲಕ್ಕಿಂತ ಮೇಲೆ, ಅಲ್ಲಿ ಸೇರಿಸಿದ ಒಂದೊಂದು ಕಿಲೋನೂ ಗಾಡಿಯನ್ನು ಪಕ್ಕಕ್ಕೆ ಎಳೆಯುತ್ತದೆ. ಎರಡು ಸೀಟಿನ ಛಾವಣಿ ಸುಮಾರು 1.5 ಮೀಟರ್ ಉದ್ದ, 1.2 ಮೀಟರ್ ಅಗಲ ಅಂದುಕೊಳ್ಳಿ. 2 ಮಿ.ಮೀ. ಉಕ್ಕಿನ ಶೀಟ್ ಹಾಕಿದರೆ 28 ಕಿಲೋ ಆಗುತ್ತದೆ. 1.2 ಮಿ.ಮೀ. ಉಕ್ಕು, ಅಂದರೆ 18 ಗೇಜ್, ಸುಮಾರು 17 ಕಿಲೋ. 2 ಮಿ.ಮೀ. ಅಲ್ಯೂಮಿನಿಯಂ 10 ಕಿಲೋಗೂ ಕಡಿಮೆ. ಇನ್ನೂ ಒಳ್ಳೆಯ ವಿಷಯ ಅಂದರೆ, ಶೀಟಿನ ಬಿಗಿತನ ಅದರ ದಪ್ಪದ ಘನಕ್ಕೆ ತಕ್ಕ ಹಾಗೆ ಏರುತ್ತದೆ, ಹಾಗಾಗಿ 2 ಮಿ.ಮೀ. ಅಲ್ಯೂಮಿನಿಯಂ ಶೀಟ್ ಆ 1.2 ಮಿ.ಮೀ. ಉಕ್ಕಿನ ಶೀಟಿಗಿಂತ ಹಗುರವಾಗಿದ್ದೂ ಕಡಿಮೆ ಬಾಗುತ್ತದೆ. ನನ್ನ ಮಟ್ಟಿಗೆ ಇಲ್ಲಿಗೆ ಚರ್ಚೆ ಮುಗಿಯಿತು. ಅಲ್ಯೂಮಿನಿಯಂ ತನ್ನಿ.

ಆದರೆ ಯಾವುದೋ ಒಂದು ಅಲ್ಯೂಮಿನಿಯಂ ಅಂತ ತರಬೇಡಿ, ಮಿಶ್ರಲೋಹದ ನಂಬರ್ ಕೇಳಿ ತನ್ನಿ. 5052-ಎಚ್32 ಅನ್ನುವುದು ಈ ಕೆಲಸಕ್ಕೆ ಹೇಳಿ ಮಾಡಿಸಿದ ಹಾಗಿದೆ, ಚೆನ್ನಾಗಿ ಮಡಿಯುತ್ತದೆ, ಮಳೆಗೂ ಜಗ್ಗುವುದಿಲ್ಲ. 6061-ಟಿ6 ಅದಕ್ಕಿಂತ ಗಟ್ಟಿ ಅಂತ ಕೆಲವರು ಅದನ್ನೇ ತರುತ್ತಾರೆ. ಗಟ್ಟಿ ಹೌದು, ಆದರೆ ಚೂಪಾಗಿ ಮಡಿಸಲು ಹೋದರೆ ಮಡಿಕೆಯ ಹೊರಮೈ ಬಿರುಕು ಬಿಡುತ್ತದೆ. ಉಕ್ಕೇ ಕೈಯಲ್ಲಿದೆ, ಅದನ್ನೇ ಬಳಸುತ್ತೇನೆ ಅನ್ನುವುದಾದರೆ 1 ಮಿ.ಮೀ. ಆಸುಪಾಸಿನದು ಸಾಕು, ಅದಕ್ಕೆ ಅಡ್ಡ ಮಡಿಕೆಗಳನ್ನು ಕೊಟ್ಟು ಬಿಗಿ ಮಾಡಿ. ಜಿಂಕ್ ಲೇಪದ ಶೀಟಿಗೆ ವೆಲ್ಡಿಂಗ್ ಮಾಡುವುದಿದ್ದರೆ ಆ ಜಾಗದ ಲೇಪ ಮೊದಲು ಉಜ್ಜಿ ತೆಗೆಯಿರಿ, ಬಯಲಲ್ಲೇ ಮಾಡಿ. ಆ ಬಿಳಿ ಹೊಗೆ ಕುಡಿದರೆ ಚಳಿ ಜ್ವರ ಬಂದ ಹಾಗೆ ಆಗುತ್ತದೆ.

ಕತ್ತರಿ ಹಿಡಿಯುವ ಮೊದಲು ರಟ್ಟಿನಲ್ಲಿ ಪೂರ್ತಿ ಛಾವಣಿ ಮಾಡಿ. ಸುಮ್ನೆ ಅಳತೆ ತೆಗೆದುಕೊಂಡರೆ ಸಾಲದು. ಕೇಜ್ ನೋಡಲು ಚೌಕ ಕಾಣುತ್ತದೆ, ಆದರೆ ಹೆಚ್ಚಿನವುಗಳಲ್ಲಿ ಮುಂದೆ ಅಗಲ ಬೇರೆ, ಹಿಂದೆ ಅಗಲ ಬೇರೆ, ಮೂಲೆಯ ಬಾಗು ಬೇರೆ. ರಟ್ಟನ್ನು ಪೈಪ್ ಮೇಲೆ ಇಟ್ಟು ಟೇಪ್ ಹಚ್ಚಿ, ಹೆಲ್ಮೆಟ್ ಹಾಕಿಕೊಂಡು ಒಳಗೆ ಕುಳಿತು ನೋಡಿ. ಹತ್ತಿ ಇಳಿದು ನೋಡಿ. ಡಿಕ್ಕಿ ಎತ್ತಿ ನೋಡಿ, ಹಿಂದಿನ ತೊಟ್ಟಿ ಮೇಲೇಳುವ ಗಾಡಿಯಾದರೆ ಛಾವಣಿಯ ಹಿಂದಿನ ಅಂಚು ಅದಕ್ಕೆ ತಾಗಬಾರದು. ಛಾವಣಿ ಪೈಪ್‌ಗಳ ಮೇಲೆ ಕೂರಬೇಕು, ಕೆಳಗೆ ಅಲ್ಲ. ಹೆಲ್ಮೆಟ್‌ಗೂ ಪೈಪ್‌ಗೂ ನಡುವೆ ಈಗ ಇರುವ ಜಾಗ ಒಂದಿಷ್ಟೂ ಕಡಿಮೆಯಾಗಬಾರದು.

ಮುಂದಿನ ಅಂಚನ್ನು ಗಾಜಿಗಿಂತ ಸ್ವಲ್ಪ ಮುಂದಕ್ಕೆ ಬಿಡಿ, ನಾಲ್ಕು ಬೆರಳಿನಷ್ಟು ಸಾಕು. ಇದಕ್ಕಿಂತ ಜಾಸ್ತಿ ಬಿಟ್ಟರೆ ಗಾಳಿ ಹಿಡಿಯುತ್ತದೆ. ನೀರು ಹಿಂದಕ್ಕೆ ಹರಿಯುವ ಹಾಗೆ ಇಳಿಜಾರು ಕೊಡಿ. ಮುಂದಕ್ಕೆ ಇಳಿಜಾರು ಇದ್ದರೆ ಬ್ರೇಕ್ ಹಾಕಿದಾಗ ಮೇಲೆ ನಿಂತ ನೀರೆಲ್ಲ ಗಾಜಿನ ಮೇಲೆ ಅಥವಾ ನಿಮ್ಮ ತೊಡೆಯ ಮೇಲೆ ಸುರಿಯುತ್ತದೆ. ಎರಡೂ ಪಕ್ಕದಲ್ಲಿ ಅಂಚನ್ನು ಕೆಳಕ್ಕೆ ಮಡಿಸಿದರೆ ನೀರು ಒಳಕ್ಕೆ ಹರಿಯದೆ ಅಲ್ಲೇ ತೊಟ್ಟಿಕ್ಕುತ್ತದೆ.

ಮಡಿಸುವುದಕ್ಕೆ ಬೆಂಡಿಂಗ್ ಮಷಿನ್ ಇರುವ ವರ್ಕ್‌ಶಾಪ್ ಸಿಕ್ಕರೆ ಅಲ್ಲಿಗೇ ಕೊಡಿ, ನೀಟಾಗಿ ಬರುತ್ತದೆ. ಸಿಗದಿದ್ದರೆ ಎರಡು ಉದ್ದ ಆಂಗಲ್ ಕಬ್ಬಿಣದ ನಡುವೆ ಶೀಟ್ ಸಿಕ್ಕಿಸಿ, ಸಿ-ಕ್ಲಾಂಪ್‌ಗಳಿಂದ ಬಿಗಿದು, ಮಡಿಕೆಯ ಉದ್ದಕ್ಕೂ ಮರದ ದಿಮ್ಮಿ ಇಟ್ಟು ಕೊಡತಿಯಿಂದ ಸ್ವಲ್ಪ ಸ್ವಲ್ಪವೇ ಬಡಿಯಿರಿ. ಒಂದೇ ಕಡೆ ಪೂರ್ತಿ ಮಡಿಸಿ ಆಮೇಲೆ ಮುಂದೆ ಹೋದರೆ ಶೀಟ್ ಹಿಗ್ಗಿ ಅಲೆಅಲೆಯಾಗುತ್ತದೆ. ಕಬ್ಬಿಣದ ಸುತ್ತಿಗೆ ಬೇಡ, ಪ್ರತಿ ಏಟಿನ ಗುರುತೂ ಉಳಿಯುತ್ತದೆ. ಒಳಗಿನ ಆಂಗಲ್‌ನ ಮೂಲೆಯನ್ನು ಅರದಿಂದ ಉಜ್ಜಿ ಸ್ವಲ್ಪ ಗುಂಡಗೆ ಮಾಡಿಕೊಳ್ಳಿ, 2 ಮಿ.ಮೀ. ಶೀಟಿಗೆ ಕನಿಷ್ಠ 2 ಮಿ.ಮೀ. ತ್ರಿಜ್ಯದ ದುಂಡು ಇರಲಿ. ಎರಡು ಮಡಿಕೆ ಸೇರುವ ಮೂಲೆಯಲ್ಲಿ ಕತ್ತರಿಸುವ ಮೊದಲು ಒಂದು ಸಣ್ಣ ತೂತು ಹಾಕಿ ಅಲ್ಲಿಗೇ ಕತ್ತರಿಸಿ ನಿಲ್ಲಿಸಿ. ಚೂಪು ಮೂಲೆ ಬಿಟ್ಟರೆ ಗಾಡಿಯ ನಡುಕಕ್ಕೆ ಅಲ್ಲಿಂದಲೇ ಶೀಟ್ ಸೀಳುತ್ತದೆ.

ಈಗ ಕೂರಿಸುವುದು. ಪೈಪ್ ಸುತ್ತ ಹಿಡಿಯುವ ಎರಡು ಭಾಗದ ಕ್ಲಾಂಪ್ ಬಳಸಿ, ಒಳಗೆ ರಬ್ಬರ್ ಇರಲಿ. ಪೈಪ್‌ನ ಹೊರ ಅಳತೆಯನ್ನು ವರ್ನಿಯರ್‌ನಲ್ಲಿ ನೋಡಿ. ಸಾಮಾನ್ಯವಾಗಿ 1.75 ಇಂಚು ಅಥವಾ 2 ಇಂಚು ಸಿಗುತ್ತದೆ, ಆದರೆ ಕೆಲವು ಗಾಡಿಗಳ ಪೈಪ್ ದುಂಡಗೇ ಇರುವುದಿಲ್ಲ, ಅದಕ್ಕೆ ಪಟ್ಟಿ ಬಗ್ಗಿಸಿ ನೀವೇ ಕ್ಲಾಂಪ್ ಮಾಡಿಕೊಳ್ಳಬೇಕಾಗುತ್ತದೆ. ರಬ್ಬರ್ ಬರೀ ಸದ್ದು ತಡೆಯಲು ಅಲ್ಲ. ಅಲ್ಯೂಮಿನಿಯಂ ಮತ್ತು ಉಕ್ಕು ನೇರವಾಗಿ ತಾಗಿ ನಡುವೆ ನೀರು ಸೇರಿದರೆ ಅಲ್ಯೂಮಿನಿಯಂ ಬಿಳಿ ಪುಡಿಯಾಗಿ ಸವೆಯುತ್ತದೆ, ಉಪ್ಪು ನೀರಾದರೆ ಇನ್ನೂ ಬೇಗ. ಸ್ಟೀಲ್ ಬೋಲ್ಟ್ ಕೂರುವ ಕಡೆಯೂ ರಬ್ಬರ್ ಅಥವಾ ನೈಲಾನ್ ವಾಷರ್ ಹಾಕಿ.

ಬೋಲ್ಟ್ ತೂತು ಬೋಲ್ಟ್‌ಗಿಂತ ಒಂದೆರಡು ಮಿ.ಮೀ. ದೊಡ್ಡದಿರಲಿ. ಇದು ತುಂಬಾ ಜನ ಕೇಳದ ಮಾತು. ಒಂದು ಚಕ್ರ ಕಲ್ಲಿನ ಮೇಲೆ, ಇನ್ನೊಂದು ಹಳ್ಳದಲ್ಲಿ ಇರುವಾಗ ಕೇಜ್ ಸ್ವಲ್ಪ ತಿರುಚಿಕೊಳ್ಳುತ್ತದೆ. ಛಾವಣಿ ಎಲ್ಲ ಕಡೆ ಕಲ್ಲಿನಂತೆ ಬಿಗಿದಿದ್ದರೆ ಆ ತಿರುಚೆಲ್ಲ ಶೀಟಿನ ತೂತುಗಳ ಮೇಲೆ ಬಿದ್ದು, ಕೆಲವು ತಿಂಗಳಲ್ಲಿ ಪ್ರತಿ ತೂತಿನಿಂದಲೂ ಕೂದಲೆಳೆಯ ಬಿರುಕು ಹೊರಡುತ್ತದೆ. ದೊಡ್ಡ ತೂತು, ರಬ್ಬರ್ ವಾಷರ್, ಅದರ ಮೇಲೆ ಅಗಲದ ಸ್ಟೀಲ್ ವಾಷರ್, ನೈಲಾಕ್ ನಟ್ (ಒಳಗೆ ನೈಲಾನ್ ಬಳೆ ಇರುವ ನಟ್), ಹೀಗೆ ಹಾಕಿದರೆ ಶೀಟಿಗೆ ಅಲುಗಾಡಲು ಒಂದಿಷ್ಟು ಜಾಗ ಇರುತ್ತದೆ, ನಟ್ ಕೂಡ ಸಡಿಲವಾಗುವುದಿಲ್ಲ. ಒಳಗಿನ ಕಡೆ ಬೋಲ್ಟ್‌ನ ತುದಿ ಚಾಚಿರಬಾರದು. ಗುಂಡು ತಲೆಯ ಬೋಲ್ಟನ್ನು ಒಳಗಿನಿಂದ ಮೇಲಕ್ಕೆ ಹಾಕಿ, ನಟ್ ಹೊರಗೆ ಬರಲಿ. ಅಂಚುಗಳಿಗೆಲ್ಲ ಪೂರ್ತಿ ಸುತ್ತ ರಬ್ಬರ್ ಬೀಡಿಂಗ್ ಹಾಕಿ, ಅಥವಾ ಅಂಚನ್ನು ಒಳಕ್ಕೆ ಮಡಚಿ ಚಪ್ಪಟೆ ಮಾಡಿ. ಕತ್ತರಿಸಿದ ಹಸಿ ಅಂಚು ಮುಖದ ಹತ್ತಿರ ಇರುವುದು ನನಗೆ ಒಂದು ನಿಮಿಷಕ್ಕೂ ಒಪ್ಪಿಗೆಯಿಲ್ಲ.

ಎಷ್ಟು ಕ್ಲಾಂಪ್ ಬೇಕು ಅನ್ನುವುದನ್ನು ತೂಕ ನೋಡಿ ಅಲ್ಲ, ಗಾಳಿ ನೋಡಿ ನಿರ್ಧರಿಸಿ. ಗಂಟೆಗೆ 60 ಕಿ.ಮೀ. ವೇಗದಲ್ಲಿ ಗಾಳಿಯ ಪೂರ್ತಿ ಒತ್ತಡ ಈ ಅಳತೆಯ ಛಾವಣಿಯನ್ನು ಕೆಳಗಿನಿಂದ ತಳ್ಳಿದರೆ ಸುಮಾರು 30 ಕಿಲೋ ಬಲ ಆಗುತ್ತದೆ. 90 ಕಿ.ಮೀ. ಆದರೆ 70 ಕಿಲೋ. ಮುಂದೆ ಗಾಜಿಲ್ಲದೆ, ಹಿಂದೆ ಮಾತ್ರ ಮುಚ್ಚಿದ ಗಾಡಿಯಲ್ಲಿ ಗಾಳಿ ಒಳಗೆ ನುಗ್ಗಿ ಹೋಗಲು ದಾರಿಯಿಲ್ಲದೆ ಮೇಲಕ್ಕೇ ತಳ್ಳುತ್ತದೆ. ಕಾಡುದಾರಿಯಲ್ಲಿ ನೀವು ಆ ವೇಗದಲ್ಲಿ ಹೋಗದೇ ಇರಬಹುದು, ಆದರೆ ಗಾಡಿಯನ್ನು ಟ್ರೇಲರ್ ಮೇಲೆ ಏರಿಸಿ ಹೆದ್ದಾರಿಯಲ್ಲಿ ಎಳೆದುಕೊಂಡು ಹೋಗುತ್ತೀರಿ ಅಲ್ವಾ, ಆಗ ಬೀಳುವುದು ಇದೇ ಬಲ. ಕಡಿಮೆ ಅಂದರೆ ಆರು ಕ್ಲಾಂಪ್ ಹಾಕಿ, ಅದರಲ್ಲಿ ಎರಡು ಮುಂದಿನ ಅಡ್ಡ ಪೈಪ್ ಮೇಲೇ ಇರಲಿ. ಟ್ರೇಲರ್ ಮೇಲೆ ಗಾಡಿಯನ್ನು ಹಿಂದುಮುಂದಾಗಿ ನಿಲ್ಲಿಸಬೇಡಿ, ಗಾಳಿ ಹಿಂದಿನ ಅಂಚಿನಡಿ ನುಗ್ಗಿ ಎತ್ತುತ್ತದೆ.

ಸದ್ದಿನ ಬಗ್ಗೆ ನೀವು ಕೇಳಿಲ್ಲ, ಆದರೆ ಮಾಡಿದ ಮೇಲೆ ಕೇಳುತ್ತೀರಿ. ಚಪ್ಪಟೆ ಶೀಟ್ ಎಂಜಿನ್ ಸದ್ದಿಗೆ ತಮಟೆಯಂತೆ ಬಡಿದುಕೊಳ್ಳುತ್ತದೆ. ಎರಡು ಉಪಾಯ ಇದೆ, ಎರಡನ್ನೂ ಮಾಡಿ. ಒಂದು, ಶೀಟಿಗೆ ಮೂಲೆಯಿಂದ ಮೂಲೆಗೆ ತೀರಾ ನವಿರಾದ ಅಡ್ಡ ಮಡಿಕೆ ಕೊಡಿಸಿ, ಬೆಂಡಿಂಗ್ ಮಷಿನ್ ಇರುವವರು ಇದನ್ನು ಸುಲಭವಾಗಿ ಮಾಡುತ್ತಾರೆ, ನಡುವೆ ನೀರೂ ನಿಲ್ಲುವುದಿಲ್ಲ. ಇನ್ನೊಂದು, ಒಳಮೈಗೆ ಬ್ಯೂಟೈಲ್ ಶೀಟಿನ (ನಡುಕ, ಸದ್ದು ಹೀರುವ ಅಂಟು ರಬ್ಬರ್ ಶೀಟ್) ತುಂಡುಗಳನ್ನು ಅಂಟಿಸಿ. ಪೂರ್ತಿ ಮುಚ್ಚಬೇಕಿಲ್ಲ, ನಡುಭಾಗದಲ್ಲಿ ಕಾಲು ಭಾಗ ಮುಚ್ಚಿದರೂ ವ್ಯತ್ಯಾಸ ಗೊತ್ತಾಗುತ್ತದೆ, ತೂಕವೂ ಉಳಿಯುತ್ತದೆ. ಅದರ ಮೇಲೆ ನೀರು ಹೀರದ ಫೋಮ್ ಹಾಕಿದರೆ ಬಿಸಿಲಿನ ಕಾವು ತಲೆಗೆ ಇಳಿಯುವುದಿಲ್ಲ, ಚಳಿಯ ಬೆಳಗ್ಗೆ ತಗಡಿನ ಒಳಮೈಯಲ್ಲಿ ಇಬ್ಬನಿ ಕಟ್ಟಿ ತೊಟ್ಟಿಕ್ಕುವುದೂ ಕಡಿಮೆಯಾಗುತ್ತದೆ. ನೀರು ಹೀರುವ ಸ್ಪಂಜು ಮಾತ್ರ ಬೇಡವೇ ಬೇಡ.

ಬಣ್ಣ ಹಚ್ಚುವುದಾದರೆ ಅಲ್ಯೂಮಿನಿಯಂಗೆ ಎಚಿಂಗ್ ಪ್ರೈಮರ್ (etch primer), ಅಂದರೆ ಲೋಹದ ಮೈ ಕಚ್ಚಿ ಹಿಡಿಯುವ ಅಡಿಬಣ್ಣ ಬೇಕು, ಇಲ್ಲದಿದ್ದರೆ ಸಿಪ್ಪೆ ಎದ್ದು ಬರುತ್ತದೆ. ಮೇಲ್ಮೈಗೆ ಬಿಳಿ ಅಥವಾ ತಿಳಿ ಬಣ್ಣ ಹಚ್ಚಿ, ಕಪ್ಪು ಚೆಂದ ಕಂಡರೂ ಬಿಸಿಲಿಗೆ ಕಾದ ಕಾವಲಿ ಆಗುತ್ತದೆ.

ಸಾಮಾನು ಕಟ್ಟುವ ವಿಷಯಕ್ಕೆ ಬಂದರೆ, ಬೇಡ. ಛಾವಣಿಯ ತೂಕ ಉಳಿಸಲು ಇಷ್ಟೆಲ್ಲ ಮಾಡಿ, ಅದೇ ಜಾಗಕ್ಕೆ 20 ಕಿಲೋ ಸ್ಟೆಪ್ನಿ ಏರಿಸಿದರೆ ಏನು ಬಂತು? ಅದು ಹಿಂದಿನ ತೊಟ್ಟಿಯಲ್ಲಿರಲಿ. ಒಂದು ಸಣ್ಣ ಎಲ್‌ಇಡಿ ದೀಪದ ಪಟ್ಟಿ ಹಾಕಬೇಕೆಂದರೆ ಅದನ್ನೂ ಶೀಟಿಗಲ್ಲ, ಮುಂದಿನ ಪೈಪ್‌ಗೆ ಬೇರೆ ಕ್ಲಾಂಪ್‌ನಿಂದ ಹಾಕಿ.

ಮೊದಲ ಸಲ ಓಡಿಸಿ ಬಂದ ತಕ್ಷಣ ಎಲ್ಲ ನಟ್‌ಗಳನ್ನೂ ಸ್ಪ್ಯಾನರ್ ಹಾಕಿ ನೋಡಿ, ರಬ್ಬರ್ ಕುಗ್ಗಿ ಕೂತಿರುತ್ತದೆ, ಇನ್ನೊಂದು ಸುತ್ತು ಬಿಗಿ ಬೇಕಾಗುತ್ತದೆ. ನಿಮ್ಮ ಪೈಪ್‌ನ ಹೊರ ಅಳತೆ ಎಷ್ಟು, ಮುಂದೆ ಗಾಜು ಇದೆಯೋ ಇಲ್ಲವೋ ಬರೆಯಿರಿ, ಕ್ಲಾಂಪ್ ಎಲ್ಲೆಲ್ಲಿ ಬರಬೇಕು ಅಂತ ಹೇಳುತ್ತೇನೆ.