“ನೀನೇ ಒಂದು ರೇಟ್ ಹೇಳು” ಅಂದ ಗೆಳೆಯನಿಗೆ ಏನು ಹೇಳಲಿ?

ಪ್ರಶ್ನೆ: ನನಗೆ 37 ವರ್ಷ, ಊರು ದಾವಣಗೆರೆ. ಪಿಯುಸಿಯಿಂದ ಜೊತೆಗಿರುವ ಗೆಳೆಯನ ಹತ್ತಿರ ಒಂದು ಕೆಂಪು ಆಡಿ ಟಿಟಿ ಸ್ಪೋರ್ಟ್ಸ್ ಕಾರು ಇದೆ. 2016ರಲ್ಲಿ ಹೊಸದಾಗಿ ತಂದದ್ದು, ಕೆಎ-17 ನಂಬರ್, 41 ಸಾವಿರ ಕಿ.ಮೀ. ಓಡಿದೆ. ತಂದ ದಿನ ಪಿ.ಬಿ. ರಸ್ತೆಯಲ್ಲಿ ಪಕ್ಕದ ಸೀಟಿನಲ್ಲಿ ಮೊದಲು ಕೂತವನು ನಾನೇ. ಈಗ ಅವನು ಮೆಕ್ಕೆಜೋಳದ ವ್ಯಾಪಾರದಲ್ಲಿ ಕೈ ಸುಟ್ಟುಕೊಂಡಿದ್ದಾನೆ. “ಹೊರಗಿನವರಿಗೆ ಕೊಡೋಕೆ ಮನಸ್ಸಿಲ್ಲ, ನೀನೇ ಇಟ್ಕೋ, ನೀನೇ ಒಂದು ರೇಟ್ ಹೇಳು” ಅನ್ನುತ್ತಾನೆ. ಬೆಂಗಳೂರಿನ ಡೀಲರ್ ಒಬ್ಬರು ಕಾರು ನೋಡಿ 22 ಲಕ್ಷಕ್ಕೆ ಕೇಳಿದ್ದಾರೆ. ಆನ್‌ಲೈನ್‌ನಲ್ಲಿ ಇಂಥದ್ದಕ್ಕೇ 30 ಲಕ್ಷ ಹಾಕಿದ್ದಾರೆ. ಎಕ್ಸಾಸ್ಟು, ಮ್ಯೂಸಿಕ್ ಸಿಸ್ಟಂ ಅಂತ ಅವನು ಮೂರು ಲಕ್ಷ ಸುರಿದಿದ್ದಾನೆ. ಕಡಿಮೆ ಹೇಳಿದರೆ ಕಷ್ಟದಲ್ಲಿ ಇರುವವನನ್ನು ಹಿಂಡಿದ ಹಾಗೆ. ಜಾಸ್ತಿ ಹೇಳಿದರೆ ನನ್ನ ಹೆಂಡತಿ ಬಿಡುವುದಿಲ್ಲ, ಈಗಲೇ “ಎರಡು ಮಕ್ಕಳನ್ನು ಎಲ್ಲಿ ಕೂರಿಸುತ್ತೀರಿ” ಅಂತ ಕೇಳುತ್ತಿದ್ದಾಳೆ. ಅರ್ಧ ದುಡ್ಡು ಈಗ, ಅರ್ಧ ಮುಂದಿನ ವರ್ಷ ಅಂತ ಯೋಚನೆ ಇದೆ. ಇನ್ನೊಂದು ಮಾತು. ಹೋದ ವರ್ಷ ನಾನು ಓಡಿಸುವಾಗ ಮುಂದಿನ ಎಡಗಡೆ ಅಲಾಯ್ ಚಕ್ರ ಫುಟ್‌ಪಾತಿಗೆ ಉಜ್ಜಿತ್ತು. ಅವನಿಗೆ ಹೇಳಿಲ್ಲ.
– ಹೆಸರು ಬೇಡ

ಉತ್ತರ: ಮೊದಲು ಆ ಅಲಾಯ್ ವಿಷಯ ಹೇಳಿ. ಇವತ್ತೇ ಹೇಳಿ. ರೇಟಿನ ಮಾತು ಶುರುವಾದ ಮೇಲೆ ಹೇಳಿದರೆ ಅದು ಚೌಕಾಶಿ ಥರ ಕಾಣುತ್ತದೆ, ಕಾರು ಕೈಗೆ ಬಂದ ಮೇಲೆ ಹೇಳಿದರೆ ಇನ್ನೂ ಕೆಟ್ಟದ್ದು, ಹೇಳದೇ ಇದ್ದರೆ ಮೆಕ್ಯಾನಿಕ್ ಹೇಳುತ್ತಾನೆ. ಆ ಚಕ್ರ ರಿಪೇರಿ ಮಾಡಿಸುವ ಖರ್ಚು ನಿಮ್ಮ ಖಾತೆಗೆ. ಅದನ್ನು ತೋರಿಸಿ ಐದು ಪೈಸೆನೂ ಕಡಿಮೆ ಮಾಡಿಸಬೇಡಿ, ಆಯ್ತಾ?

ಈಗ ರೇಟು. “ನೀನೇ ಹೇಳು” ಅನ್ನುವುದು ಪ್ರೀತಿಯ ಮಾತೇ, ಆದರೆ ಅದರಲ್ಲಿ ಭಾರ ಪೂರ್ತಿ ನಿಮ್ಮ ತಲೆ ಮೇಲೆ ಬಂದಿದೆ. ನೀವು ಏನು ಹೇಳಿದರೂ ಆ ಅಂಕಿ ನಿಮ್ಮದೇ ಆಗುತ್ತದೆ. ನಮ್ಮ ಕಡೆ ದನದ ಜಾತ್ರೆಯಲ್ಲಿ ಟವೆಲ್ ಕೆಳಗೆ ಬೆರಳು ಹಿಡಿದು ವ್ಯಾಪಾರ ಮಾಡುತ್ತಾರಲ್ಲ, ಅಲ್ಲಿ ಕೂಡ ಇಬ್ಬರ ಬೆರಳೂ ಆಡುತ್ತವೆ, ಒಬ್ಬನೇ ಆಡಿಸುವುದಿಲ್ಲ. ಹಾಗಾಗಿ ನೀವು ಅವನಿಗೆ ಹೇಳಬೇಕಾದ್ದು ರೇಟ್ ಅಲ್ಲ. “ಇಬ್ಬರೂ ಕೂತು ಲೆಕ್ಕ ಹಾಕೋಣ, ಏನು ಬರುತ್ತೋ ಅದಕ್ಕೆ ಇಬ್ಬರೂ ಒಪ್ಪೋಣ” ಅನ್ನಿ. ಅಂಕಿ ಬರುವ ಮೊದಲೇ ಲೆಕ್ಕದ ದಾರಿ ಒಪ್ಪಿಕೊಂಡಿರಬೇಕು. ಆಮೇಲೆ ಒಪ್ಪುವುದು ಕಷ್ಟ.

ಲೆಕ್ಕ ಏನು ದೊಡ್ಡದಲ್ಲ. ಕೆಳಗಿನ ಗೆರೆ 22 ಲಕ್ಷ, ಅದು ನಿಮ್ಮ ಗೆಳೆಯನಿಗೆ ನಾಳೆ ಬೆಳಿಗ್ಗೆ ಸಿಗುವ ದುಡ್ಡು, ಅದಕ್ಕಿಂತ ಕಡಿಮೆ ಕೊಟ್ಟರೆ ನೀವು ನಿಜವಾಗಿಯೂ ಅವನ ಕಷ್ಟದಲ್ಲಿ ಲಾಭ ಮಾಡಿಕೊಂಡಿರಿ ಅಂತಲೇ ಅರ್ಥ. ಮೇಲಿನ ಗೆರೆ ಹೊರಗಿನ ಗಿರಾಕಿ ನಿಜವಾಗಿ ಕೊಡುವ ದುಡ್ಡು. ಅದು 30 ಅಲ್ಲ. ಆನ್‌ಲೈನ್‌ನಲ್ಲಿ ಕಾಣುವುದು ಕೇಳುವ ಬೆಲೆ, ಮಾರಿದ ಬೆಲೆ ಅಲ್ಲ. ಎರಡು ತಿಂಗಳಿಂದ ಅದೇ ಫೋಟೋ ಅಲ್ಲೇ ಇದೆ ಅಂದರೆ ಆ ರೇಟಿಗೆ ಯಾರೂ ತಗೊಂಡಿಲ್ಲ ಅಂತ ತಾನೇ? ಅದೇ ವರ್ಷದ, ಹತ್ತಿರಹತ್ತಿರ ಅಷ್ಟೇ ಓಡಿರುವ ಮೂರು ನಾಲ್ಕು ಕಾರು ಹುಡುಕಿ, ಫೋನ್ ಮಾಡಿ, “ಕೊನೆಗೆ ಎಷ್ಟು” ಅಂತ ಕೇಳಿ. ಸುಮ್ಮನೆ ಉದಾಹರಣೆಗೆ 27 ಅಂತ ಬಂತು ಅಂದುಕೊಳ್ಳಿ.

ಡೀಲರ್ 22ಕ್ಕೆ ಕೊಂಡು 27ಕ್ಕೆ ಮಾರುತ್ತಾರಾ, ಹಗಲು ದರೋಡೆ ಅಂತ ಬೈಯಬೇಡಿ. ಅವರು ಕಾರು ನಿಲ್ಲಿಸಿಕೊಳ್ಳಬೇಕು, ರಿಪೇರಿ ಮಾಡಿಸಬೇಕು, ಗಿರಾಕಿ ಬರುವವರೆಗೆ ದುಡ್ಡು ಕಟ್ಟಿಹಾಕಿಕೊಂಡಿರಬೇಕು. ಜಿಎಸ್‌ಟಿ ನೋಂದಣಿ ಇರುವ ಡೀಲರ್ ಆದರೆ ಆ ನಡುವಿನ ಲಾಭದ ಮೇಲೆ ಶೇಕಡಾ 18 ಜಿಎಸ್‌ಟಿ ಬೇರೆ. ನೀವು ಗೆಳೆಯರು ಸ್ವಂತ ಕಾರನ್ನು ನಿಮ್ಮ ನಿಮ್ಮಲ್ಲೇ ಮಾರಿಕೊಂಡರೆ ಆ ಖರ್ಚೂ ಇಲ್ಲ, ಆ ತೆರಿಗೆಯೂ ಇಲ್ಲ. ಅಂದರೆ ಮಧ್ಯದ ಐದು ಲಕ್ಷ ಯಾರಿಗೂ ಹೋಗದೆ ನಿಮ್ಮಿಬ್ಬರ ಮುಂದೆ ಬಿದ್ದಿದೆ. ಅದನ್ನು ಹೇಗೆ ಹಂಚಿಕೊಳ್ಳುವುದು ಅನ್ನುವುದೇ ಇಲ್ಲಿರುವ ನಿಜವಾದ ಪ್ರಶ್ನೆ, ನನ್ನ ಉತ್ತರ ಅರ್ಧ ಅರ್ಧ.

ಆದರೆ ಹಂಚುವ ಮೊದಲು ಕಾರು ತೋರಿಸಿ. ನಿಮಗೂ ಅವನಿಗೂ ಬೇಕಾದವನಲ್ಲದ ಒಬ್ಬ ಮೆಕ್ಯಾನಿಕ್‌ಗೆ. ದುಡ್ಡು ಇಬ್ಬರೂ ಸೇರಿ ಕೊಡಿ. ಇದರ ಇಂಜಿನ್ ಎರಡು ಲೀಟರ್ ಟರ್ಬೊ, 230 ಕುದುರೆ ಶಕ್ತಿ, ನಾಲ್ಕೂ ಚಕ್ರಕ್ಕೆ ಹೋಗುತ್ತದೆ. ಗೇರ್‌ಬಾಕ್ಸ್ ಎರಡು ಕ್ಲಚ್ಚಿನ ಆಟೊಮ್ಯಾಟಿಕ್, ಅದರ ಆಯಿಲ್ಲನ್ನು 60 ಸಾವಿರ ಕಿ.ಮೀ.ಗೆ ಬದಲಿಸಬೇಕು, ಹಾಗಾಗಿ ಆ ಖರ್ಚು ನಿಮ್ಮ ಕಾಲಕ್ಕೇ ಬರುತ್ತದೆ. ಹಿಂದಿನ ಚಕ್ರಕ್ಕೆ ಶಕ್ತಿ ಕಳಿಸುವ ಕ್ಲಚ್ಚಿಗೂ ಬೇರೆ ಆಯಿಲ್ ಇದೆ, ಇದನ್ನು ಜನ ಮರೆತುಬಿಡುತ್ತಾರೆ, ಬಿಲ್ ಇದೆಯಾ ಕೇಳಿ. ಕೂಲಂಟ್ ಸೋರುತ್ತಿದೆಯಾ ಅಂತ ವಾಟರ್ ಪಂಪ್ ಹತ್ತಿರ ನೋಡಿಸಿ. ಕಾರನ್ನು ಲಿಫ್ಟಿಗೆ ಎತ್ತಿಸಿ ಹೊಟ್ಟೆ ನೋಡುವುದು ತಪ್ಪಿಸಬೇಡಿ, ಇಷ್ಟು ಕೆಳಗಿರುವ ಕಾರು ನಮ್ಮ ಊರಿನ ಹಂಪುಗಳ ಮೇಲೆ ಹತ್ತು ವರ್ಷ ಓಡಾಡಿದೆ ಅಂದರೆ ಕೆಳಗೆ ಏನಾದರೂ ಗುರುತು ಇದ್ದೇ ಇರುತ್ತದೆ. ಬೆಳಿಗ್ಗೆ ಹೋಗಿ, ಮೊದಲೇ ಸ್ಟಾರ್ಟ್ ಮಾಡಿ ಇಡಬೇಡ ಅಂತ ಹೇಳಿ ಹೋಗಿ. ತಣ್ಣಗಿರುವ ಇಂಜಿನ್ ಸುಳ್ಳು ಹೇಳುವುದಿಲ್ಲ. ಹೈವೇಯಲ್ಲಿ ಹೆಬ್ಬಾಳು ಟೋಲ್‌ವರೆಗೆ ಹೋಗಿ ಬಂದರೆ ಎಲ್ಲಾ ಕಾರೂ ಚೆನ್ನಾಗೇ ಓಡುತ್ತದೆ, ಗೇರ್‌ಬಾಕ್ಸಿನ ಬಣ್ಣ ಗೊತ್ತಾಗುವುದು ಮಂಡಿಪೇಟೆಯ ಗದ್ದಲದಲ್ಲಿ, ಒಂದು ಎರಡು ಗೇರಿನಲ್ಲಿ ತೆವಳುವಾಗ.

ಟೈರ್ ಪಕ್ಕದಲ್ಲಿ ನಾಲ್ಕು ಅಂಕಿ ಇರುತ್ತದೆ. 2319 ಅಂದರೆ 2019ರ 23ನೇ ವಾರದಲ್ಲಿ ತಯಾರಾದದ್ದು. ವರ್ಷಕ್ಕೆ ನಾಲ್ಕು ಸಾವಿರ ಕಿ.ಮೀ. ಓಡಿದ ಕಾರಿನಲ್ಲಿ ಟೈರು ಸವೆಯುವ ಮೊದಲೇ ಗಟ್ಟಿಯಾಗಿ ಬಿರುಕು ಬಿಡುತ್ತದೆ. ನೋಡಲು ಹೊಸದರ ಹಾಗೇ ಇರುತ್ತದೆ, ಮಳೆಯಲ್ಲಿ ಬ್ರೇಕ್ ಹಾಕಿದಾಗ ಗೊತ್ತಾಗುತ್ತದೆ. “ಕಾರು ಜಾಸ್ತಿ ಓಡಿಲ್ಲ” ಅನ್ನುವುದು ಪೂರ್ತಿ ಒಳ್ಳೆಯ ಸುದ್ದಿ ಅಲ್ಲ. ನಿಂತ ಕಾರಿನ ಬ್ಯಾಟರಿ, ರಬ್ಬರ್ ಸೀಲು ಎಲ್ಲಾ ನಿಂತಲ್ಲೇ ಮುದಿಯಾಗುತ್ತವೆ.

ಮೆಕ್ಯಾನಿಕ್ ಒಂದೂವರೆ ಲಕ್ಷದ ಕೆಲಸ ಬರೆದುಕೊಟ್ಟ ಅಂತ ಇಟ್ಟುಕೊಳ್ಳಿ. ಅದನ್ನು ಮೇಲಿನ ಗೆರೆಯಿಂದ ಮಾತ್ರ ಕಳೆಯಿರಿ. ಡೀಲರ್ ಕಾರನ್ನು ಇದ್ದ ಹಾಗೇ ನೋಡಿ 22 ಹೇಳಿದ್ದಾರೆ, ಅಲ್ಲಿ ಮತ್ತೆ ಕಳೆದರೆ ಒಂದೇ ಟೈರಿಗೆ ಎರಡು ಸಲ ದುಡ್ಡು ಇಸಿದುಕೊಂಡ ಹಾಗೆ. 27ರಲ್ಲಿ ಒಂದೂವರೆ ಹೋದರೆ 25 ಲಕ್ಷದ 50 ಸಾವಿರ. ಅದಕ್ಕೂ 22ಕ್ಕೂ ಸರಿಯಾಗಿ ಮಧ್ಯ 23 ಲಕ್ಷದ 75 ಸಾವಿರ. ಅವನಿಗೆ ಡೀಲರ್‌ಗಿಂತ 1 ಲಕ್ಷದ 75 ಸಾವಿರ ಜಾಸ್ತಿ ಸಿಕ್ಕಿತು, ನಿಮಗೂ ಹೊರಗೆ ಕೊಳ್ಳುವುದಕ್ಕಿಂತ ಅಷ್ಟೇ ಉಳಿಯಿತು. ನಿಮ್ಮ ಅಂಕಿಗಳು ಬೇರೆ ಬರಬಹುದು, ಲೆಕ್ಕ ಇದೇ.

ಅವನು ಸುರಿದ ಮೂರು ಲಕ್ಷದ ಮಾತು ಬಂದೇ ಬರುತ್ತದೆ. ಅದಕ್ಕೆ ಏನೂ ಸೇರಿಸಬೇಡಿ. ಆ ಎಕ್ಸಾಸ್ಟಿನ ಸದ್ದಿನ ಸುಖವನ್ನು ಅವನು ಅನುಭವಿಸಿ ಆಗಿದೆ. ಅಷ್ಟೇ ಅಲ್ಲ, ಕಂಪನಿ ಕೊಟ್ಟಿದ್ದನ್ನು ಹೀಗೆಲ್ಲಾ ಬದಲಿಸುವುದನ್ನು ಮೋಟಾರು ವಾಹನ ಕಾಯ್ದೆಯ 52ನೇ ಸೆಕ್ಷನ್ ತಡೆಯುತ್ತದೆ. ಹಳೆಯ ಎಕ್ಸಾಸ್ಟ್ ಮನೆಯಲ್ಲಿ ಇದ್ದರೆ ಅದನ್ನು ಹಾಕಿಸಿ ಕೊಡಲಿ, ಹೊಸದನ್ನು ಬಿಚ್ಚಿ ಅವನೇ ಮಾರಿಕೊಳ್ಳಲಿ. “ಈಗ ಟಿಟಿ ಬರೋದೇ ನಿಂತಿದೆ, ಮುಂದೆ ರೇಟ್ ಏರುತ್ತೆ” ಅಂತಲೂ ಅನ್ನಬಹುದು. ನಿಂತಿರುವುದು ನಿಜ. 1998ರಲ್ಲಿ ಶುರುವಾದ ಈ ಕಾರಿನ ತಯಾರಿ 2023ರ ನವೆಂಬರ್‌ನಲ್ಲಿ ಮುಗಿಯಿತು. ಆದರೆ ಅಷ್ಟರಲ್ಲಿ ಆರು ಲಕ್ಷಕ್ಕಿಂತ ಜಾಸ್ತಿ ಕಾರು ಹೊರಗೆ ಬಂದಿವೆ, ಇದೇನು ಅಪರೂಪದ ವಜ್ರ ಅಲ್ಲ. ಜೊತೆಗೆ 2031ಕ್ಕೆ ನಿಮ್ಮ ಈ ಕಾರಿಗೆ 15 ವರ್ಷ ತುಂಬುತ್ತದೆ. ಇಂಥ ಆಮದು ಕಾರಿಗೆ ಆಗ ಮಾಡಿಸಬೇಕಾದ ಮರುನೋಂದಣಿಯ ಶುಲ್ಕವನ್ನು 2022ರ ಏಪ್ರಿಲ್‌ನಿಂದ 40 ಸಾವಿರ ಮಾಡಿದ್ದಾರೆ. ಕೊಳ್ಳುವವರು ಇದನ್ನೆಲ್ಲ ನೋಡುತ್ತಾರೆ. ಅವನು 60 ಲಕ್ಷದ ಮೇಲೆ ಕೊಟ್ಟು, ಅದರ ಮೇಲೆ ನಮ್ಮ ರಾಜ್ಯದ ಜೀವಿತಾವಧಿ ತೆರಿಗೆ ಬೇರೆ ಕಟ್ಟಿ ತಂದಿದ್ದು ನನಗೂ ಹೊಟ್ಟೆ ಉರಿಸುತ್ತದೆ, ಆದರೆ ಆ ದುಡ್ಡು ಹೋಗಿ ಬಹಳ ವರ್ಷವಾಯಿತು.

ನಿಮ್ಮ ಮನಸ್ಸು ಕುಟುಕುತ್ತಿರುವುದು ಅವನ ಕಷ್ಟದ ಬಗ್ಗೆ. ಆ ಕುಟುಕನ್ನು ಕಾರಿನ ರೇಟಿನೊಳಗೆ ತುರುಕಬೇಡಿ. ಕರುಣೆಗೆ ಅಂತ ಎರಡು ಲಕ್ಷ ಜಾಸ್ತಿ ಕೊಟ್ಟರೆ ಅದು ದಾನವೋ ಬೆಲೆಯೋ ಅವನಿಗೂ ಗೊತ್ತಾಗುವುದಿಲ್ಲ, ನಾಳೆ ಗೇರ್‌ಬಾಕ್ಸ್ ಕೈಕೊಟ್ಟರೆ ಆ ಎರಡು ಲಕ್ಷ ನಿಮಗೇ ನೆನಪಾಗುತ್ತದೆ. ಸಹಾಯ ಮಾಡಬೇಕು ಅನ್ನಿಸಿದರೆ ಬೇರೆ ಸಾಲ ಕೊಡಿ, ಬ್ಯಾಂಕ್ ಖಾತೆಯಿಂದಲೇ ಕೊಡಿ, ವಾಪಸ್ ಬರುವ ದಿನ ಬರೆದುಕೊಳ್ಳಿ. ಕಾರಿನದ್ದು ಕಾರಿಗೆ, ಕೈಸಾಲದ್ದು ಕೈಸಾಲಕ್ಕೆ.

ಅರ್ಧ ಈಗ ಅರ್ಧ ಆಮೇಲೆ ಅನ್ನುವುದಂತೂ ಬೇಡವೇ ಬೇಡ. 2004ರಲ್ಲಿ ನನ್ನ ಆರ್‌ಎಕ್ಸ್ 100 ಬೈಕನ್ನು ಒಬ್ಬ ಗೆಳೆಯನಿಗೆ 11 ಸಾವಿರಕ್ಕೆ ಕೊಟ್ಟೆ. ಐದು ಕೈಗೆ ಕೊಟ್ಟ, ಉಳಿದ ಆರು “ನೋಡ್ಕೊಂಡು ಕೊಡ್ತೀನಿ” ಅಂದ. ಆ ನೋಡಿಕೊಳ್ಳುವುದು ಎರಡು ವರ್ಷ ನಡೆಯಿತು. ನಾನು ಕೇಳಲಿಲ್ಲ, ಅವನು ಕೊಡಲಿಲ್ಲ, ನಾವಿಬ್ಬರೂ ವಾರಕ್ಕೊಮ್ಮೆ ಬೆಣ್ಣೆ ದೋಸೆ ತಿನ್ನುತ್ತಿದ್ದ ಹೋಟೆಲಿಗೆ ಅವನು ಬರುವುದನ್ನೇ ಬಿಟ್ಟ. ಕೊಟ್ಟೋನು ಕೋಡಂಗಿ, ಇಸ್ಕೊಂಡೋನು ಈರಭದ್ರ ಅಂತಾರಲ್ಲ, ಅದು ತಮಾಷೆಗೆ ಹೇಳಿದ್ದಲ್ಲ. ಇನ್ನೂ ಕೇಳಿ, ಆ ಬೈಕು 1996ಕ್ಕೇ ನಿಂತುಹೋಗಿದ್ದು ತಾನೇ, ಈಗ ಚೆನ್ನಾಗಿರುವ ಒಂದಕ್ಕೆ ಲಕ್ಷ ದಾಟಿ ಕೇಳುತ್ತಾರೆ. ಅದು ಕಂಡಾಗಲೆಲ್ಲ ನನಗೆ ಅವನ ಮೇಲೆ ಸಿಟ್ಟು ಬರುತ್ತದೆ, ಅವನದು ಏನೂ ತಪ್ಪಿಲ್ಲ ಅಂತ ಗೊತ್ತಿದ್ದೂ. ಹಾಗಾಗಿ ಕಾರು ಕೊಟ್ಟ ಮೇಲೆ ರೇಟು ಏರಲಿ ಇಳಿಯಲಿ, ಕೆಟ್ಟು ನಿಲ್ಲಲಿ ಓಡಲಿ, ಯಾರೂ ಮಾತೆತ್ತುವಂತಿಲ್ಲ ಅಂತ ಈಗಲೇ ಬಾಯಿಬಿಟ್ಟು ಮಾತಾಡಿಕೊಳ್ಳಿ. ನಿಮ್ಮ ಹತ್ತಿರ ಪೂರ್ತಿ ದುಡ್ಡಿಲ್ಲ ಅಂದರೆ ಉಳಿದಿದ್ದನ್ನು ಬ್ಯಾಂಕಿನಿಂದ ತನ್ನಿ. ಬ್ಯಾಂಕೂ ಕೊಡಲ್ಲ ಅಂದರೆ ಈ ಕಾರು ನಿಮ್ಮದಲ್ಲ.

ಕಾಗದದ ಕೆಲಸ ಬೇಗ ಹೇಳಿ ಮುಗಿಸುತ್ತೇನೆ. ದುಡ್ಡು ಖಾತೆಯಿಂದ ಖಾತೆಗೆ, 2 ಲಕ್ಷ ಅಥವಾ ಅದಕ್ಕಿಂತ ಜಾಸ್ತಿ ನಗದು ತಗೊಂಡರೆ ಅಷ್ಟೇ ಮೊತ್ತದ ದಂಡ ಬೀಳುವುದು ನಿಮ್ಮ ಗೆಳೆಯನಿಗೆ. ಆರ್.ಸಿ.ಯಲ್ಲಿ ಬ್ಯಾಂಕಿನ ಹೆಸರು ಉಳಿದಿದ್ದರೆ ಮೊದಲು ಫಾರಂ 35 ಕೊಟ್ಟು ತೆಗೆಸಲಿ. ಆಮೇಲೆ ಆರ್.ಸಿ.ಯಲ್ಲಿ ಹೆಸರು ಬದಲಿಸಲು ಫಾರಂ 29 ಮತ್ತು 30. ಇನ್ಶೂರೆನ್ಸನ್ನು 14 ದಿನದೊಳಗೆ ನಿಮ್ಮ ಹೆಸರಿಗೆ ಬದಲಿಸಲು ಅರ್ಜಿ ಹಾಕಿ, ಅವನ ನೋ ಕ್ಲೈಮ್ ಬೋನಸ್ (ಕ್ಲೈಮ್ ಮಾಡದೇ ಇದ್ದುದಕ್ಕೆ ಸಿಗುವ ರಿಯಾಯಿತಿ) ಅವನ ಜೊತೆಗೇ ಹೋಗುತ್ತದೆ, ನಿಮಗೆ ಬರುವುದಿಲ್ಲ. “ನಮ್ಮವನೇ ಅಲ್ವಾ, ನಿಧಾನಕ್ಕೆ ಹೆಸರು ಬದಲಿಸಿದರಾಯ್ತು” ಅಂತ ಕೂರಬೇಡಿ. ಅಪಘಾತವಾದ ದಿನ ಆರ್.ಸಿ. ಯಾರ ಹೆಸರಿನಲ್ಲಿದೆಯೋ ಅವರೇ ಪರಿಹಾರಕ್ಕೆ ಹೊಣೆ ಅಂತ 2018ರಲ್ಲಿ ಸುಪ್ರೀಂ ಕೋರ್ಟ್ ಹೇಳಿದೆ. ಮೊದಲೇ ಸೋತು ಕೂತಿರುವ ಗೆಳೆಯನ ತಲೆಗೆ ಅದೊಂದನ್ನು ಕಟ್ಟಬೇಡಿ.

ಇನ್ನು ನಿಮ್ಮ ಮನೆಯವರ ಪ್ರಶ್ನೆ. ಅದು ರೇಟಿನ ಪ್ರಶ್ನೆ ಅಲ್ಲ, ನೀವು ಹಾಗೆ ತಿಳಿದುಕೊಂಡಿದ್ದೀರಿ. ಟಿಟಿಗೆ ಹಿಂದೆ ಎರಡು ಸೀಟು ಅಂತ ಹೆಸರಿಗೆ ಇದೆ, ಅಲ್ಲಿ ಒಂದು ಬ್ಯಾಗ್ ಕೂರಬಹುದು, ಬೆಳೆಯುವ ಮಕ್ಕಳು ಕೂರುವುದು ಕಷ್ಟ. ಸರ್ವೀಸ್‌ಗೆ ಬೆಂಗಳೂರಿಗೆ ಹೋಗಬೇಕಾದರೆ 260 ಕಿ.ಮೀ., ದಾರಿಯಲ್ಲಿ ಕೆಟ್ಟರೆ ಫ್ಲಾಟ್‌ಬೆಡ್ ಲಾರಿ ಮೇಲೇ ಹಾಕಿಕೊಂಡು ಬರಬೇಕು. ವರ್ಷದ ಖರ್ಚಿಗೆ ಅವನ ಹಳೇ ಬಿಲ್ಲುಗಳನ್ನು ಇಸಿದುಕೊಂಡು ಅವರ ಮುಂದೆ ಇಡಿ. ಒಮ್ಮೆ ಅವರನ್ನೇ ಡ್ರೈವರ್ ಸೀಟಿನಲ್ಲಿ ಕೂರಿಸಿ ಹೆಬ್ಬಾಳು ಕಡೆ ಕರೆದುಕೊಂಡು ಹೋಗಿ, ಏನು ಹೇಳುತ್ತಾರೋ ಕೇಳಿ. ಬೇಡ ಅಂದರೆ ಬೇಡ.

ಲೆಕ್ಕ ಹಾಕಿದ ಮೇಲೂ ನಿಮ್ಮ ಗೆಳೆಯನಿಗೆ ಆ ಅಂಕಿ ಕಡಿಮೆ ಅನ್ನಿಸಿದರೆ ಎಳೆದಾಡಬೇಡಿ. “ಸರಿ, ಹೊರಗೆ ಮಾರೋಣ, ನಾನೂ ಓಡಾಡುತ್ತೇನೆ” ಅನ್ನಿ. ಆ ಅಲಾಯ್ ರಿಪೇರಿ ಮಾಡಿಸಿ, ಒಂದು ಭಾನುವಾರ ಬೆಳಿಗ್ಗೆ ಆರೂವರೆಗೆ ಕಾರು ತೊಳೆಸಿಕೊಂಡು ಇಬ್ಬರೂ ಕುಂದವಾಡ ಕೆರೆ ಕಡೆ ಹೋಗಿ. ಆ ಹೊತ್ತಿನ ಬೆಳಕಿನಲ್ಲಿ ಕೆಂಪು ಕಾರಿನ ಫೋಟೋ ಚೆನ್ನಾಗಿ ಬರುತ್ತದೆ.