ಹೊಸ ಪ್ರೊಸೆಸರ್ ಹಾಕಿದ್ರೆ ಡಿಸ್‌ಪ್ಲೇ ಇಲ್ಲ: ಬಯಾಸ್ ಬಗ್ಗೆ ನಿಮ್ಮ ಪ್ರಶ್ನೆಗಳು

ಈ ಸಲ ಬಂದಿರೋ ಕಾಗದಗಳಲ್ಲಿ ನಾಲ್ಕು ಬಯಾಸ್ ವಿಚಾರಾನೇ. ಎಲ್ಲಾನೂ ಒಟ್ಟಿಗೆ ತಗೊಂಡಿದೀನಿ. ಮಂಡ್ಯದವರ ಪ್ರಶ್ನೆಗೆ ಸ್ವಲ್ಪ ಉದ್ದವಾಗೇ ಬರೀತೀನಿ, ಯಾಕಂದ್ರೆ ಅವ್ರ ಥರ ಹಳೇ ಬೋರ್ಡ್ ಇಟ್ಕೊಂಡು ದುಡೀತಿರೋ ಅಂಗಡಿಗಳು ನಮ್ಮ ಕಡೆ ಬೇಕಾದಷ್ಟಿವೆ.

ಪ್ರಶ್ನೆ: ಸಾರ್, ಮಂಡ್ಯದಲ್ಲಿ ನಂದೊಂದು ಡಿಟಿಪಿ, ಜೆರಾಕ್ಸ್ ಅಂಗಡಿ. 2011ರಲ್ಲಿ ತಗೊಂಡ ಎಚ್61 ಬೋರ್ಡು, ಪೆಂಟಿಯಂ ಜಿ620. ಲಗ್ನಪತ್ರಿಕೆ ಸೀಸನ್ ಬಂದ್ರೆ ಫೋಟೋಶಾಪು, ನುಡಿ ಎರಡೂ ಓಪನ್ ಮಾಡಿದ್ ತಕ್ಷಣ ಸಿಸ್ಟಂ ನಿಂತೇ ಹೋಗುತ್ತೆ. ಬೆಂಗಳೂರು ಎಸ್.ಪಿ. ರೋಡಿಂದ ಸೆಕೆಂಡ್‌ಹ್ಯಾಂಡ್ ಐ5-3470 ತಂದು ಹಾಕಿದೆ. ಫ್ಯಾನ್ ತಿರುಗುತ್ತೆ, ಡಿಸ್‌ಪ್ಲೇ ಬರಲ್ಲ. ಹಳೇದು ವಾಪಸ್ ಹಾಕಿದ್ರೆ ಎಲ್ಲ ಸರಿ. ಒಬ್ರು ಪ್ರೊಸೆಸರ್ರೇ ಹೋಗಿದೆ ಅಂತಾರೆ, ಇನ್ನೊಬ್ರು ಬಯಾಸ್ ಅಪ್‌ಡೇಟ್ ಮಾಡಿ ಅಂತಾರೆ, ಮಾಡ್ವಾಗ ಕರೆಂಟ್ ಹೋದ್ರೆ ಬೋರ್ಡೇ ಕೆಟ್ಟೋಗುತ್ತಂತೆ. ಏನ್ಮಾಡ್ಲಿ?

ಉತ್ತರ: ಪ್ರೊಸೆಸರ್ ವಾಪಸ್ ಕೊಡೋಕೆ ಓಡ್ಬೇಡಿ, ನಿಮ್ಮ ಎರಡನೇ ಸ್ನೇಹಿತ್ರು ಹೇಳಿದ್ದೇ ಸರಿ ಇರೋ ಸಾಧ್ಯತೆ ಜಾಸ್ತಿ. ಎರಡೂ ಪ್ರೊಸೆಸರ್ ಕೂರೋದು ಒಂದೇ ಸಾಕೆಟ್ಟಲ್ಲಿ, ಎಲ್‌ಜಿಎ 1155. ಆದ್ರೆ ನಿಮ್ಮ ಜಿ620 ಇಂಟೆಲ್ಲಿನ ಸ್ಯಾಂಡಿ ಬ್ರಿಡ್ಜ್ ಅನ್ನೋ ತಲೆಮಾರಿನದು, 2011ರದ್ದು. ಐ5-3470 ಅದರ ಮುಂದಿನ ತಲೆಮಾರು, ಐವಿ ಬ್ರಿಡ್ಜ್, ಅದು ಬಂದಿದ್ದು 2012ರಲ್ಲಿ. ಅಂದ್ರೆ ನಿಮ್ಮ ಬೋರ್ಡು ಫ್ಯಾಕ್ಟರಿಯಿಂದ ಹೊರಗೆ ಬಂದಾಗ ಈ ಪ್ರೊಸೆಸರ್ ಮಾರ್ಕೆಟ್ಟಲ್ಲೇ ಇರ್ಲಿಲ್ಲ. ಬಯಾಸ್ ಅನ್ನೋದು ಬೋರ್ಡಿನ ಮೇಲೆ ಎಂಟು ಕಾಲಿನ ಸಣ್ಣ ಚಿಪ್ಪಲ್ಲಿ ಕೂತಿರೋ ಪ್ರೋಗ್ರಾಂ, ಪವರ್ ಬಟನ್ ಒತ್ತಿದ ತಕ್ಷಣ ಮೊದಲು ಓಡೋದು ಅದೇ, ಪ್ರೊಸೆಸರ್ ಯಾವ್ದು ರ‍್ಯಾಮ್ ಎಷ್ಟು ಅಂತ ಗುರುತು ಹಿಡಿದು ಎಬ್ಬಿಸಿ ಆಮೇಲೆ ವಿಂಡೋಸ್ ಕೈಗೆ ಕೊಡುತ್ತೆ. ಅದಕ್ಕೆ ಪ್ರೊಸೆಸರ್ ಪರಿಚಯಾನೇ ಇಲ್ಲ ಅಂದ್ರೆ ಫ್ಯಾನ್ ತಿರುಗುತ್ತೆ ಅಷ್ಟೇ, ಮುಂದಕ್ಕೆ ಹೋಗಲ್ಲ.

ಹಳೇ ಪ್ರೊಸೆಸರ್ ಇನ್ನೂ ಕೈಲಿದೆಯಲ್ಲ, ಅದು ನಿಮ್ಮ ಪುಣ್ಯ. ಅದನ್ನ ಹಾಕ್ಕೊಂಡೇ ಅಪ್‌ಡೇಟ್ ಮಾಡ್ಬೇಕು.

ಮೊದಲು ಬೋರ್ಡಿನ ಪೂರ್ತಿ ಹೆಸರು ನೋಡ್ಕೊಳ್ಳಿ. ಎಚ್61 ಅನ್ನೋದು ಬೋರ್ಡಿನ ಮುಖ್ಯ ಚಿಪ್ಪಿನ, ಅಂದ್ರೆ ಚಿಪ್‌ಸೆಟ್ ಹೆಸರು ಅಷ್ಟೇ, ಅದೇ ಚಿಪ್‌ಸೆಟ್ಟಲ್ಲಿ ನೂರಾರು ಬೋರ್ಡ್ ಬಂದಿವೆ. ಕ್ಯಾಬಿನೆಟ್ ಬಿಚ್ಚಿ, ಧೂಳು ಹೊಡೆದು, ಬೋರ್ಡಿನ ಮೇಲೆ ದಪ್ಪಕ್ಷರದಲ್ಲಿ ಏನು ಪ್ರಿಂಟಾಗಿದೆ ಅದನ್ನ ಮೊಬೈಲಲ್ಲಿ ಫೋಟೋ ತೆಗೀರಿ, ಮೂಲೇಲಿ ಸಣ್ಣದಾಗಿ ರೆವ್ 1.0, ರೆವ್ 2.0 ಅಂತ ಇರುತ್ತೆ ಅದನ್ನೂ ಬಿಡ್ಬೇಡಿ. ಇದನ್ನ ಒತ್ತಿ ಹೇಳ್ತಿದೀನಿ, ಯಾಕಂದ್ರೆ ಮಾಡೆಲ್ ಹೆಸರು ಒಂದೇ ಆದ್ರೂ ರಿವಿಷನ್ ಬೇರೆ ಆದ್ರೆ ಬಯಾಸ್ ಫೈಲೇ ಬೇರೆ ಇರಬಹುದು, ಅದಲು ಬದಲಾದ್ರೆ ಬೋರ್ಡು ಏಳಲ್ಲ. ಈಗಿರೋ ಬಯಾಸ್ ವರ್ಷನ್ ನೋಡೋಕೆ ವಿಂಡೋಸಿನ ರನ್ ಬಾಕ್ಸಲ್ಲಿ msinfo32 ಅಂತ ಇಂಗ್ಲಿಷಲ್ಲಿ ಟೈಪ್ ಮಾಡಿ ಎಂಟರ್ ಒತ್ತಿ, ತಾರೀಖಿನ ಸಮೇತ ತೋರಿಸುತ್ತೆ.

ಆಮೇಲೆ ಬೋರ್ಡ್ ಕಂಪನಿಯ ಸೈಟಲ್ಲಿ ಆ ಮಾಡೆಲ್ಲಿನ ಸಪೋರ್ಟ್ ಪೇಜಿಗೆ ಹೋಗಿ ಸಿಪಿಯು ಸಪೋರ್ಟ್ ಪಟ್ಟಿ ತೆಗೀರಿ. ಐ5-3470 ಎದುರಿಗೆ ಯಾವ ಬಯಾಸ್ ವರ್ಷನ್ನಿಂದ ನಡೆಯುತ್ತೆ ಅಂತ ಬರೆದಿರ್ತಾರೆ. ನಿಮ್ಮದು ಅದಕ್ಕಿಂತ ಹಳೇದಾಗಿದ್ರೆ ಕಾಯಿಲೆ ಸಿಕ್ತು ಅಂತಾನೇ. ಪಟ್ಟೀಲಿ ಆ ಪ್ರೊಸೆಸರ್ ಹೆಸರೇ ಇಲ್ಲ ಅಂದ್ರೆ ಅಲ್ಲಿಗೇ ನಿಲ್ಲಿಸಿ, ದುಡ್ಡು ವಾಪಸ್ ಕೇಳಿ. ಫೈಲ್ ಪಕ್ಕದಲ್ಲಿ ಬರೆದಿರೋ ಸಣ್ಣಕ್ಷರ ಓದದೆ ಮುಂದಕ್ಕೆ ಹೋಗ್ಬೇಡಿ. 6 ಸೀರೀಸ್ ಚಿಪ್‌ಸೆಟ್ಟಿನ ಕೆಲವು ಬೋರ್ಡಲ್ಲಿ ಐವಿ ಬ್ರಿಡ್ಜ್ ನಡೀಬೇಕಂದ್ರೆ ಬಯಾಸ್ ಜೊತೆ ಮ್ಯಾನೇಜ್‌ಮೆಂಟ್ ಎಂಜಿನ್ ಫರ್ಮ್‌ವೇರನ್ನೂ (ಚಿಪ್‌ಸೆಟ್ಟೊಳಗೇ ಓಡೋ ಇಂಟೆಲ್ಲಿನ ಸಣ್ಣ ಪ್ರೋಗ್ರಾಂ) 7ರಿಂದ 8ಕ್ಕೆ ಏರಿಸ್ಬೇಕು, ಯಾವ್ದು ಮೊದಲು ಯಾವ್ದು ಆಮೇಲೆ ಅನ್ನೋದು ಆ ಪೇಜಲ್ಲೇ ಇರುತ್ತೆ.

ನಿಮ್ಮದು ಇಂಟೆಲ್ಲಿನದೇ ಬೋರ್ಡ್ ಆಗಿದ್ರೆ ಒಂದು ತೊಂದ್ರೆ ಇದೆ. ಇಂಟೆಲ್ ಡೆಸ್ಕ್‌ಟಾಪ್ ಬೋರ್ಡ್ ಮಾಡೋದನ್ನ ನಿಲ್ಲಿಸಿ ವರ್ಷಗಳಾದ್ವು, ಹಳೇ ಬೋರ್ಡುಗಳ ಬಯಾಸ್, ಡ್ರೈವರ್ ಫೈಲುಗಳನ್ನ 2019ರಲ್ಲೇ ಸೈಟಿಂದ ತೆಗೆದುಬಿಟ್ರು. ಅಷ್ಟೊಂದು ಜನ ಬಳಸ್ತಿದ್ದ ಬೋರ್ಡುಗಳಿಗೆ ಹೀಗೆ ಮಾಡಿದ್ದು ನನಗಂತೂ ಇವತ್ತಿಗೂ ಸರಿ ಕಾಣಲ್ಲ, ಒಂದು ಮೂಲೇಲಿ ಫೈಲ್ ಇಟ್ಟಿದ್ರೆ ಯಾರಿಗೇನು ನಷ್ಟ ಆಗ್ತಿತ್ತು? ಈಗ ಬೇರೆ ಸೈಟುಗಳಲ್ಲಿ ಜನ ಕಾಪಿ ಇಟ್ಟಿರ್ತಾರೆ, ಆದ್ರೆ ಅದನ್ನ ನಂಬ್ಕೊಂಡು ದುಡಿಯೋ ಮಷೀನಿಗೆ ಹಾಕಿ ಅಂತ ನಾನು ಹೇಳಲ್ಲ. ಹೆಸರೇ ಇಲ್ಲದ ಬೋರ್ಡಿಗೂ ಇದೇ ಮಾತು, ಇನ್ನೊಂದು ಎಚ್61 ಬೋರ್ಡಿನ ಫೈಲ್ ತಂದು ಯಾವತ್ತೂ ಹಾಕ್ಬೇಡಿ.

ಫೈಲ್ ಸಿಕ್ತು ಅಂತಿಟ್ಕೊಳ್ಳಿ. ಜಿಪ್ ಬಿಚ್ಚಿ, 4 ಜಿಬಿನೋ 8 ಜಿಬಿನೋ ಸಣ್ಣ ಪೆನ್‌ಡ್ರೈವನ್ನ ಫ್ಯಾಟ್32 ಫಾರ್ಮ್ಯಾಟ್ ಮಾಡಿ ಅದಕ್ಕೆ ಹಾಕಿ, ಕ್ಯಾಬಿನೆಟ್ ಹಿಂದ್ಗಡೆಯ ಯುಎಸ್‌ಬಿ ಪೋರ್ಟಿಗೆ ಚುಚ್ಚಿ. ವಿಂಡೋಸ್ ಒಳಗಿಂದ ಅಪ್‌ಡೇಟ್ ಮಾಡೋ ಸಾಫ್ಟ್‌ವೇರ್ ಇದ್ರೂ ಬೇಡ, ಮಧ್ಯ ವಿಂಡೋಸ್ ಹ್ಯಾಂಗಾದ್ರೆ ಅಲ್ಲಿಗೆ ಮುಗೀತು. ಬಯಾಸಿನೊಳಗೇ ಅದಕ್ಕೊಂದು ಟೂಲ್ ಇರುತ್ತೆ, ಗಿಗಾಬೈಟಲ್ಲಿ ಕ್ಯೂ-ಫ್ಲ್ಯಾಶ್, ಏಸುಸಲ್ಲಿ ಇಝೀ ಫ್ಲ್ಯಾಶ್, ಎಎಸ್‌ರಾಕಲ್ಲಿ ಇನ್‌ಸ್ಟಂಟ್ ಫ್ಲ್ಯಾಶ್, ಎಂಎಸ್ಐನಲ್ಲಿ ಎಂ-ಫ್ಲ್ಯಾಶ್. ಅದಕ್ಕೆ ಮುಂಚೆ ಬಯಾಸ್ ಸೆಟಿಂಗ್ ಎಲ್ಲದರ ಫೋಟೋ ತೆಗೆದಿಟ್ಕೊಳ್ಳಿ, ಮುಖ್ಯವಾಗಿ ಸಾಟಾ ಮೋಡ್ (ಬೋರ್ಡು ಹಾರ್ಡ್‌ಡಿಸ್ಕ್ ಜೊತೆ ಮಾತಾಡೋ ರೀತಿ) ಐಡಿಇ ಇದ್ಯಾ ಎಎಚ್‌ಸಿಐ ಇದ್ಯಾ ಅಂತ. ಅಪ್‌ಡೇಟ್ ಆದ್ಮೇಲೆ ಸೆಟಿಂಗ್ ಎಲ್ಲ ಡಿಫಾಲ್ಟಿಗೆ ಹೋಗುತ್ತೆ, ಸಾಟಾ ಮೋಡ್ ಬದಲಾದ್ರೆ ವಿಂಡೋಸ್ ನೀಲಿ ಸ್ಕ್ರೀನ್ ತೋರಿಸುತ್ತೆ, ಜನ ಬಯಾಸೇ ಕೆಟ್ಟೋಯ್ತು ಅಂತ ಗಾಬರಿ ಬೀಳ್ತಾರೆ, ಮೋಡ್ ವಾಪಸ್ ಮೊದಲಿನಂಗೆ ಮಾಡಿದ್ರೆ ಎದ್ದು ಕೂರುತ್ತೆ.

ಇನ್ನು ಕರೆಂಟ್ ವಿಚಾರ. ನಿಮ್ಮ ಭಯ ಸರಿಯಾದ್ದೇ, ಆದ್ರೆ ಅದಕ್ಕೆ ದಾರಿ ಇದೆ. ಯುಪಿಎಸ್ ಇದೆ ಅಂತ ಸುಮ್ನೆ ನಂಬ್ಬೇಡಿ, ಬ್ಯಾಟರಿ ಸತ್ತಿರೋ ಯುಪಿಎಸ್ಸುಗಳೇ ಅಂಗಡಿಗಳಲ್ಲಿ ಜಾಸ್ತಿ. ಹಿಂದಿನ ದಿನ ಸಿಸ್ಟಂ ಆನ್ ಇಟ್ಟು ಗೋಡೆ ಸ್ವಿಚ್ ಆಫ್ ಮಾಡಿ ನೋಡಿ, ಹತ್ತು ನಿಮಿಷ ನಿಂತ್ರೆ ಧೈರ್ಯವಾಗಿ ಮಾಡಿ. ಇನ್ವರ್ಟರ್ ಆದ್ರೆ ಹಿಂದೆ ಯುಪಿಎಸ್ ಮೋಡ್ ಅಂತ ಸ್ವಿಚ್ ಇರುತ್ತೆ, ಅದು ನಾರ್ಮಲ್‌ನಲ್ಲಿದ್ರೆ ಕರೆಂಟ್ ಬದಲಾಗೋ ಕ್ಷಣದಲ್ಲೇ ಕಂಪ್ಯೂಟರ್ ರೀಸ್ಟಾರ್ಟ್ ಆಗ್ಬಿಡಬಹುದು. ಮಳೆ ಮೋಡ ಕಟ್ಟಿರೋ ಸಂಜೆ ಬೇಡ. ಅಪ್‌ಡೇಟ್ ಶುರುವಾದ್ಮೇಲೆ ಕೆಲವೇ ನಿಮಿಷದ ಕೆಲಸ, ಕೀಬೋರ್ಡು ಪೆನ್‌ಡ್ರೈವು ಏನೂ ಮುಟ್ಬೇಡಿ, ನಿಂತೋದಂಗೆ ಕಂಡ್ರೂ ಪವರ್ ಬಟನ್ ಒತ್ಬೇಡಿ.

ಮುಗಿದ ತಕ್ಷಣ ಹೊಸ ಪ್ರೊಸೆಸರ್ ಹಾಕೋಕೆ ಆತುರ ಬೀಳದೆ, ಹಳೇದರಲ್ಲೇ ಒಂದ್ಸಲ ಬೂಟ್ ಮಾಡಿ ವರ್ಷನ್ ಬದಲಾಗಿದೆಯಾ ನೋಡಿ. ಆಮೇಲೆ ವೈರ್ ಕಿತ್ತು, ಐ5 ಕೂರಿಸಿ, ಹೊಸ ಥರ್ಮಲ್ ಪೇಸ್ಟ್ ಹಚ್ಚಿ. ಜಿ620 ಇದ್ದದ್ದು 65 ವ್ಯಾಟು, ಐ5-3470 77 ವ್ಯಾಟು, ಹಳೇ ಕೂಲರಲ್ಲಿ ಧೂಳು ಕಟ್ಕೊಂಡಿದ್ರೆ ಬಿಸಿ ಆಗುತ್ತೆ. ಸಾಕೆಟ್ ಒಳಗಿರೋ ಪಿನ್ನುಗಳಿಗೆ ಬೆರಳು ತಾಗಿಸ್ಬೇಡಿ, ಬಯಾಸ್ ಅಪ್‌ಡೇಟಿಗಿಂತ ಅದರ ಬಗ್ಗೆ ಹುಷಾರಾಗಿರಿ, ಪಿನ್ ಬಗ್ಗಿದ್ರೆ ಬೋರ್ಡೇ ಹಾಳಾಗಬಹುದು.

ಪ್ರಶ್ನೆ: ಮೈಸೂರು ಕುವೆಂಪುನಗರದಿಂದ. ಬಯಾಸ್ ಅಪ್‌ಡೇಟ್ ಅರ್ಧದಲ್ಲಿದ್ದಾಗ ಕರೆಂಟ್ ಹೋಯ್ತು. ಈಗ ಬರೀ ಫ್ಯಾನ್ ಓಡುತ್ತೆ. ಬೋರ್ಡ್ ಎಸೀಬೇಕಾ?

ಉತ್ತರ: ಎಸೀಬೇಡಿ. ನನಗೂ ಇದೇ ಆಗಿದೆ. ಸರಸ್ವತಿಪುರಂನಲ್ಲಿ ಬಾಡಿಗೆ ಮನೇಲಿದ್ದಾಗ, ಏಪ್ರಿಲ್ ಸಂಜೆ, ಗುಡುಗು ಸಿಡಿಲಿನ ಮಳೆ, ಯುಪಿಎಸ್ ಇರ್ಲಿಲ್ಲ, ತಂಗಿಯ ಪ್ರಾಜೆಕ್ಟ್ ರಿಪೋರ್ಟ್ ಇದ್ದ ಸಿಸ್ಟಂ ಅದು. ರಾತ್ರಿಯೆಲ್ಲ ನಿದ್ದೆ ಬರ್ಲಿಲ್ಲ. ಆದ್ರೆ ಕೆಟ್ಟಿದ್ದು ಆ ಚಿಪ್ಪಿನೊಳಗಿನ ಬರವಣಿಗೆ ಮಾತ್ರ, ಹಾರ್ಡ್‌ಡಿಸ್ಕಲ್ಲಿರೋದೆಲ್ಲ ಹಾಗೇ ಇತ್ತು, ನಿಮ್ಮದೂ ಇರುತ್ತೆ.

ಗಿಗಾಬೈಟ್ ಬೋರ್ಡಾಗಿದ್ದು ಡ್ಯುಯಲ್ ಬಯಾಸ್ ಅಂತ ಇದ್ರೆ ಎರಡನೇ ಚಿಪ್ಪಿಂದ ತಾನೇ ಸರಿ ಮಾಡ್ಕೊಳ್ಳೋ ಅವಕಾಶ ಇದೆ, ಆನ್ ಮಾಡಿ ಸ್ವಲ್ಪ ಹೊತ್ತು ಬಿಡಿ. ಹಿಂದ್ಗಡೆ ಫ್ಲ್ಯಾಶ್‌ಬ್ಯಾಕ್ ಬಟನ್ ಇರೋ ಬೋರ್ಡಾದ್ರೆ ಪ್ರೊಸೆಸರ್ ಇಲ್ದೇನೂ ಪೆನ್‌ಡ್ರೈವಿಂದ ಬಯಾಸ್ ಹಾಕಬಹುದು. ಎರಡೂ ಇಲ್ಲ ಅಂದ್ರೆ ಚಿಪ್ ಪ್ರೋಗ್ರಾಮರ್ ಇರೋ ಲ್ಯಾಪ್‌ಟಾಪ್ ರಿಪೇರಿಯವ್ರ ಹತ್ರ ಹೋಗಿ. ಸಿಎಚ್341ಎ ಅಂತ ಸಣ್ಣ ಸಾಧನ, ಅದಕ್ಕೊಂದು ಕ್ಲಿಪ್ಪು, ಚಿಪ್ಪಿಗೆ ಕಚ್ಚಿಸಿ ನೇರವಾಗಿ ಬರೀತಾರೆ. ಕೆಲವು ಬೋರ್ಡಲ್ಲಿ ಚಿಪ್ಪು ಸಾಕೆಟ್ಟಲ್ಲೇ ಕೂತಿರುತ್ತೆ, ಕಿತ್ತು ತಗೊಂಡು ಹೋದ್ರೂ ಆಯ್ತು. ಅವ್ರಿಗೆ ಎರಡು ಮಾತು ಹೇಳಿ: ಚಿಪ್ಪು 3.3 ವೋಲ್ಟಿಂದಾ 1.8 ವೋಲ್ಟಿಂದಾ ಅಂತ ನೋಡದೆ ಕಚ್ಚಿಸ್ಬೇಡಿ, ಅಳಿಸೋಕೆ ಮುಂಚೆ ಇರೋದನ್ನ ಓದಿ ಒಂದು ಕಾಪಿ ಇಟ್ಕೊಳ್ಳಿ. ಎಷ್ಟೋ ಬೋರ್ಡಲ್ಲಿ ನೆಟ್‌ವರ್ಕಿನ ಮ್ಯಾಕ್ ಅಡ್ರೆಸ್ಸು, ಸೀರಿಯಲ್ ನಂಬರು ಅದರಲ್ಲೇ ಇರುತ್ತೆ.

ಪ್ರಶ್ನೆ: ಶ್ರೀರಂಗಪಟ್ಟಣದಿಂದ. ದಿನಾ ಬೆಳಿಗ್ಗೆ ಆನ್ ಮಾಡಿದ್ರೆ ಎಫ್1 ಒತ್ತಿ ಅಂತ ಬರುತ್ತೆ, ತಾರೀಖು ಹಳೇ ವರ್ಷಕ್ಕೆ ಹೋಗಿರುತ್ತೆ, ಬ್ಯಾಂಕ್ ಸೈಟ್ ಓಪನ್ ಆಗಲ್ಲ. ಬಯಾಸ್ ಅಪ್‌ಡೇಟ್ ಮಾಡಿಸ್ಬೇಕು, ವಿಂಡೋಸ್ 11 ಕೂಡ ಹಾಕ್ಕೊಡ್ತೀವಿ ಅಂತ ಅಂಗಡಿಯವ್ರು ಹೇಳ್ತಿದಾರೆ. ನಾಲ್ಕನೇ ಜನರೇಷನ್ ಐ3.

ಉತ್ತರ: ಅಪ್‌ಡೇಟ್ ಬೇಡ. ಬೋರ್ಡಿನ ಮೇಲೆ ನಾಣ್ಯದ ಥರ ಇರೋ ಸೆಲ್ ಮುಗಿದಿದೆ ಅಷ್ಟೇ, ಸಿಆರ್2032 ಅಂತ ಕೇಳಿ, ವಾಚ್ ರಿಪೇರಿ ಅಂಗಡೀಲೂ ಸಿಗುತ್ತೆ. ವೈರ್ ಕಿತ್ತು ಹಳೇದು ತೆಗೆದು ಹೊಸದು ಹಾಕಿ, ತಾರೀಖು ಸರಿ ಮಾಡಿ. ತಾರೀಖು ತಪ್ಪಿದ್ರೆ ಬ್ರೌಸರ್ ಸೈಟಿನ ಸರ್ಟಿಫಿಕೇಟ್ ಒಪ್ಪಲ್ಲ, ಬ್ಯಾಂಕ್ ಸೈಟ್ ತೆರೀದೇ ಇದ್ದಿದ್ದು ಅದಕ್ಕೇ. ವಿಂಡೋಸ್ 11ಗೆ ಮೈಕ್ರೋಸಾಫ್ಟ್ ಕೇಳೋದು ಇಂಟೆಲ್ ಆದ್ರೆ ಎಂಟನೇ ಜನರೇಷನ್ನಿಂದ ಮೇಲಿಂದು, ಟಿಪಿಎಂ 2.0 ಅನ್ನೋ ಸೆಕ್ಯೂರಿಟಿ ಸೌಲಭ್ಯ ಬೇರೆ. ನಿಮ್ಮ ಐ3ಗೆ ಯಾವ ಬಯಾಸ್ ಹಾಕಿದ್ರೂ ಮೈಕ್ರೋಸಾಫ್ಟಿನ ಅಧಿಕೃತ ಸಪೋರ್ಟ್ ಬರಲ್ಲ. ವಿಂಡೋಸ್ 10ರ ಮಾಮೂಲಿ ಸಪೋರ್ಟ್ 2025ರ ಅಕ್ಟೋಬರ್ 14ಕ್ಕೆ ಮುಗಿದಿರೋದ್ರಿಂದ ಬ್ಯಾಂಕ್ ಕೆಲಸಕ್ಕೆ ಆ ಮಷೀನಲ್ಲಿ ಲಿನಕ್ಸ್ ಹಾಕ್ಕೊಂಡು ನೋಡಿ, ಬರೀ ಬ್ರೌಸರ್ ಬೇಕಿದ್ರೆ ಅದು ಧಾರಾಳವಾಗಿ ಸಾಕು.

ಪ್ರಶ್ನೆ: ಮೈಸೂರಲ್ಲಿ ಇಂಜಿನಿಯರಿಂಗ್ ಓದ್ತಿದೀನಿ. ಬಿ450 ಬೋರ್ಡು, ರೈಜನ್ 5 2600. ಎಲ್ಲ ಚೆನ್ನಾಗಿದೆ, ಸೈಟಲ್ಲಿ ಹೊಸ ಬಯಾಸ್ ಕಾಣ್ತಿದೆ, ಹಾಕ್ಲಾ? ಮುಂದೆ 5600 ಹಾಕೋ ಆಸೆ ಇದೆ.

ಉತ್ತರ: 5600 ತರೋವರೆಗೂ ಸುಮ್ನಿರಿ, ಚೆನ್ನಾಗಿ ನಡೀತಿರೋದನ್ನ ಬರೀ ಹೊಸದು ಬಂತು ಅಂತ ಮುಟ್ಬೇಡಿ. ಸೆಕ್ಯೂರಿಟಿ ತೊಂದ್ರೆ ಸರಿಪಡಿಸಿದೀವಿ ಅಂತ ಬರೆದಿದ್ರೆ ಮಾತ್ರ ಬೇರೆ ಮಾತು. ತಂದ ದಿನ ಅಪ್‌ಡೇಟ್ ಬೇಕೇ ಬೇಕು, ಅದೂ 2600 ಇನ್ನೂ ಸಾಕೆಟ್ಟಲ್ಲಿರುವಾಗ. ಆ ಕಾಲದ ಎಷ್ಟೋ ಬೋರ್ಡಲ್ಲಿ ಬಯಾಸ್ ಚಿಪ್ಪು 16 ಎಂಬಿ ಅಷ್ಟೇ, ಹೊಸ ಪ್ರೊಸೆಸರಿಗೆ ಜಾಗ ಮಾಡೋಕೆ ಕೆಲವು ಕಂಪನಿಗಳು ಹಳೇ ಪ್ರೊಸೆಸರ್ ಸಪೋರ್ಟ್ ತೆಗೆದಿವೆ, ಕೆಲವದರಲ್ಲಿ ಹಳೇ ಬಯಾಸಿಗೆ ವಾಪಸ್ ಬರೋಕೂ ಬಿಡಲ್ಲ, ಹಾಗಾಗಿ ನೋಟ್ ಓದಿ ಹಾಕಿ. ಇನ್ನೊಂದು, ಬಿಟ್‌ಲಾಕರ್ (ಡಿಸ್ಕಿಗೆ ಬೀಗ ಹಾಕೋ ವಿಂಡೋಸ್ ಸೌಲಭ್ಯ) ಆನ್ ಇದ್ಯಾ ನೋಡ್ಕೊಳ್ಳಿ, ಬಯಾಸ್ ಬದಲಾದ್ರೆ ಅದು ರಿಕವರಿ ಕೀ ಕೇಳಬಹುದು. ಆನ್ ಇದ್ರೆ ಮೊದಲು ಸಸ್ಪೆಂಡ್ ಮಾಡಿ, 48 ಅಂಕಿಯ ರಿಕವರಿ ಕೀನ ಕಾಗದದ ಮೇಲೆ ಬರೆದಿಟ್ಕೊಂಡೇ ಕೆಲಸ ಶುರು ಮಾಡಿ.